ಹೇವರ್ಡಿನಲ್ಲಿ ಎರಡನೆಯ ಸಲ ಹದಿನೆಂಟು

ಮೈಸೂರು ಬಿಟ್ಟು ನಾವು ಹೇವರ್ಡಿಗೆ ಬಂದಿಳಿದ ಮೊದಲ ಭಾನುವಾರ ಮಧ್ಯಾಹ್ನ ಪಕ್ಕದ ಮನೆಯಲ್ಲಿ ಯಾರೋ ಸತ್ತರು. ಹಾಗೆಂದೇ ನಾವು ಮೂವರೂ ನಂಬಿದೆವು. ಗೋಡೆಯಾಚೆಯಿಂದ ಒಬ್ಬ ಗಂಡಸು ಕರುಳು ಕಿತ್ತುಬರುವ ಹಾಗೆ ಗೋಳಿಟ್ಟ. ಅಮ್ಮ ಡಾಕ್ಟರು. ಅನ್ನ ಕಲಸುತ್ತಿದ್ದ ಕೈಯನ್ನು ಸೆರಗಿಗೆ ಒರೆಸಿಕೊಂಡು, ಸ್ಟೆತಾಸ್ಕೋಪು ಹಿಡಿದು ಬರಿಗಾಲಲ್ಲಿ ಓಡಿದಳು. ಹಿಂದೆ ಅಪ್ಪ, ಅಪ್ಪನ ಹಿಂದೆ ನಾನು.

ಬಾಗಿಲು ತೆರೆದವರು ಆರೂವರೆ ಅಡಿಯ ಮನುಷ್ಯ. ತಲೆಗೆ ಟೊಪ್ಪಿಗೆ, ಕಣ್ಣಲ್ಲಿ ನೀರು.

“ಯಾರು ಹೋದರು?” ಅಂದಳು ಅಮ್ಮ, ಆಸ್ಪತ್ರೆಯ ಮೆಲುದನಿಯಲ್ಲಿ.

“ಈ ಸೀಸನ್ನೇ ಹೋಯಿತು, ತಾಯಿ,” ಎಂದರು ಅವರು.

ಪಕ್ಕದೂರು ಓಕ್ಲ್ಯಾಂಡಿನ ಬ್ಯಾಸ್ಕೆಟ್‌ಬಾಲ್ ತಂಡ ಒಂದೇ ಒಂದು ಪಾಯಿಂಟಿನಿಂದ ಸೋತಿತ್ತು. ಟಿವಿ ಮುಂದೆ ಹೆಣವೂ ಇರಲಿಲ್ಲ, ಹೂವೂ ಇರಲಿಲ್ಲ. ಒಂದು ಬೋಗುಣಿ ಜೋಳದ ಚಿಪ್ಸ್ ಇತ್ತು. ಹೀಗೆ ನಮಗೆ ವಾಲ್ಟರ್ ಪರಿಚಯವಾದರು.

ಅಪ್ಪ ಮೈಸೂರಿನ ಒಂದು ಪ್ರೈಮರಿ ಶಾಲೆಯಲ್ಲಿ ಹೆಡ್‌ಮಾಸ್ಟರಾಗಿದ್ದವರು. ಸಂದೇಹ ಬಂದರೆ ಪರಿಹರಿಸಿಕೊಂಡೇ ತೀರಬೇಕು. “ಮಿಸ್ಟರ್ ವಾಲ್ಟರ್, ಸಾಮಾನ್ಯವಾಗಿ ಗೆಲ್ಲುವವರು ಯಾರು?”

“ಲಾಸ್ ಏಂಜಲೀಸಿನವರು. ಇಲ್ಲದಿದ್ದರೆ ಬಾಸ್ಟನ್ನಿನವರು.”

“ಹಾಗಾದರೆ ನೀವು ಅವರ ಕಡೆಗೇ ಇರಬಹುದಲ್ಲ?”

ವಾಲ್ಟರ್ ಅಪ್ಪನನ್ನು ನೋಡಿದ ನೋಟವನ್ನು ನಾನು ಈಗಲೂ ಮಾಡಿ ತೋರಿಸಬಲ್ಲೆ. ಹೆಂಡತಿಯನ್ನು ಬದಲಾಯಿಸಿಕೊಳ್ಳಿ ಎಂದು ಸಲಹೆ ಕೊಟ್ಟವರನ್ನು ನೋಡುವ ನೋಟ ಅದು.

ಮಾಡಿ ತೋರಿಸುವುದು ನನ್ನ ಕಸುಬು. ಮೈಸೂರಿನಲ್ಲಿ ನಮ್ಮ ಬೀದಿಯ ಹಾಲಿನವನಿಂದ ಹಿಡಿದು ಕಾಲೇಜಿನ ಪ್ರಿನ್ಸಿಪಾಲರ ತನಕ ಯಾರನ್ನೂ ನಾನು ಬಿಟ್ಟವನಲ್ಲ. ಇಲ್ಲಿ ಬಂದ ಮೇಲೆ ತೊಂದರೆಯಾಯಿತು. ಮಿಮಿಕ್ರಿಗೆ ಇಬ್ಬರು ಬೇಕು, ಮಾಡುವವನು ಮತ್ತು ಮೂಲ ಮನುಷ್ಯನನ್ನು ಬಲ್ಲವನು. ಹಾಲಿನವನನ್ನು ಹೇವರ್ಡಿನಲ್ಲಿ ಬಲ್ಲವರು ಯಾರು? ಮೊದಲ ಎರಡು ತಿಂಗಳು ನಾನು ಅವನನ್ನು ಸ್ನಾನದ ಮನೆಯ ಕನ್ನಡಿಯೆದುರು ಮಾಡಿಕೊಂಡು, ನಾನೇ ನಕ್ಕು, ನಾನೇ ಸುಮ್ಮನಾಗುತ್ತಿದ್ದೆ. ಒಂಟಿತನ ಎಂದರೆ ಏನೆಂದು ಕೇಳಿದರೆ ಇಷ್ಟೇ ಹೇಳುತ್ತೇನೆ.

ಮನೆಯ ವಿಷಯ. ಅಪಾರ್ಟ್‌ಮೆಂಟು ಎಂದರೆ ನಮ್ಮ ವಠಾರವೇ, ನೀರಿಗೆ ಜಗಳ ಮಾತ್ರ ಇಲ್ಲ. ಜಗಳವಿಲ್ಲದ್ದರಿಂದ ಅಕ್ಕಪಕ್ಕದವರ ಹೆಸರು ತಿಳಿಯುವುದಕ್ಕೆ ತಿಂಗಳುಗಟ್ಟಲೆ ಬೇಕು. ಬಟ್ಟೆಯನ್ನು ಹೊರಗೆ ಒಣಹಾಕುವಂತಿಲ್ಲ. ಅಪ್ಪ ಬಾಲ್ಕನಿಯಲ್ಲಿ ಪಂಚೆ ಹರವಿದ ಮಾರನೆಯ ದಿನವೇ ಮ್ಯಾನೇಜರ ಚೀಟಿ ಬಂತು. ಕೊತ್ತಂಬರಿ ಸೊಪ್ಪು ಬೇಕೆಂದರೆ ಮೆಕ್ಸಿಕೋದವರ ಗ್ರೋಸರಿಗೆ ಹೋಗಬೇಕು. ಅಲ್ಲಿ ಅದರ ಹೆಸರು ‘ಸಿಲಾಂತ್ರೊ’. ಮನೆಗೆ ಬಂದು ಸಾರಿಗೆ ಬಿದ್ದ ಮೇಲೆ ಮತ್ತೆ ಕೊತ್ತಂಬರಿಯಾಗುತ್ತದೆ.

ಅಮ್ಮ ಆಪರೇಷನ್ನಿಗೆ ಮುಂಚೆ ಜನರನ್ನು ಮಲಗಿಸುವ ಡಾಕ್ಟರು. ಅಪ್ಪ ಮಲಗಿದ ಮಕ್ಕಳನ್ನು ಎಬ್ಬಿಸುವ ಮೇಷ್ಟ್ರು. ಇಲ್ಲಿಯ ಆಸ್ಪತ್ರೆಗೆ ಬೇಕಾಗಿದ್ದು ಅಮ್ಮ. ಅಪ್ಪನೂ ನಾನೂ ಅವಳ ಕಾಗದಕ್ಕೆ ಅಂಟಿಕೊಂಡು ಬಂದ ಲಗೇಜು. ಎಬ್ಬಿಸಲು ಮಕ್ಕಳಿಲ್ಲದೆ ಅಪ್ಪ ಬೆಳಿಗ್ಗೆ ಐದಕ್ಕೆ ನನ್ನನ್ನೇ ಎಬ್ಬಿಸುತ್ತಿದ್ದರು. ಬೇರೆ ಗತಿಯಿಲ್ಲದೆ ನಾನು ಎದುರಿನ ಪಾರ್ಕಿಗೆ ಹೋಗಿ ಚೆಂಡು ಬಡಿಯತೊಡಗಿದೆ.

ಇಲ್ಲೊಂದು ಮಾತು ಹೇಳಿಬಿಡಬೇಕು. ಮೈಸೂರಿನಲ್ಲಿ ನಾನು ಬ್ಯಾಸ್ಕೆಟ್‌ಬಾಲ್ ಸ್ಟಾರು. ಹದಿನಾರರೊಳಗಿನ ರಾಜ್ಯ ತಂಡದಲ್ಲಿ ಆಡಿದವನು. ಆಗ ನನ್ನ ವಯಸ್ಸು ಹದಿನೇಳು. ಗಾಬರಿಯಾಗಬೇಡಿ, ಕಾಗದದಲ್ಲಿ ಹದಿನೈದೂವರೆ. ನೀವೂ ನಮ್ಮ ಕಡೆಯವರೇ ಆಗಿದ್ದರೆ ಹೇಗೆಂದು ಕೇಳುವುದಿಲ್ಲ. ಶಾಲೆಗೆ ಸೇರಿಸುವ ದಿನ ಹೆಡ್‌ಮಾಸ್ಟರು ಮಗುವನ್ನು ಮೇಲಿಂದ ಕೆಳಗೆ ನೋಡಿ, “ಜೂನ್ ಒಂದು ಅಂತ ಬರೆಯೋಣ” ಎನ್ನುತ್ತಾರೆ. ಹುಟ್ಟಿದ ವರ್ಷವನ್ನೂ ಸ್ವಲ್ಪ ಮುಂದೆ ತಳ್ಳುತ್ತಾರೆ, ಮುಂದೆ ಸರ್ಕಾರಿ ಕೆಲಸಕ್ಕೆ ಅರ್ಜಿ ಹಾಕಲು ಅನುಕೂಲವಾಗಲಿ ಎಂದು. ಅಪ್ಪ ಹಾಗೆ ನಮ್ಮ ಮೊಹಲ್ಲಾದ ಅರ್ಧದಷ್ಟು ಮಕ್ಕಳನ್ನು ಜೂನ್ ಒಂದರಂದು ಹುಟ್ಟಿಸಿದ್ದರು. ದೀಪಾವಳಿಯ ಹಿಂದಿನ ವಾರ ಹುಟ್ಟಿದ ಸ್ವಂತ ಮಗನನ್ನು ಬಿಡುತ್ತಾರೆಯೇ? ಆರೂವರೆ ವರ್ಷದವನನ್ನು ಐದು ಮಾಡಿ ಒಂದನೆಯ ತರಗತಿಯಲ್ಲಿ ಕೂರಿಸಿದರು. ಇಡೀ ಶಾಲೆಯಲ್ಲಿ ನನ್ನಷ್ಟು ಉದ್ದ, ನನ್ನಷ್ಟು ಜಾಣ ಯಾರೂ ಇರಲಿಲ್ಲ. ಇರುವುದಾದರೂ ಹೇಗೆ?

ಪಾರ್ಕಿನಲ್ಲಿ ನಾನು ಆಡುವುದನ್ನು ವಾಲ್ಟರ್ ನೋಡಿದರು. ಹಗಲು ಅವರು ಒಂದು ಗೋದಾಮಿನಲ್ಲಿ ಮೇಸ್ತ್ರಿ. ಸಂಜೆ ಗೋದಾಮಿನವರದೇ ಒಂದು ಬ್ಯಾಸ್ಕೆಟ್‌ಬಾಲ್ ತಂಡದ ಕೋಚು. ಇಲ್ಲಿಯ ಸಮುದ್ರದ ಕೊಲ್ಲಿಯ ಸುತ್ತಲಿನ ಊರುಗಳ ಇಂಥ ಕೆಲವು ತಂಡಗಳು ಸೇರಿ ಒಂದು ಪುಟ್ಟ ಲೀಗು. ಟಿಕೆಟ್ಟು ಉಂಟು, ಆಟಗಾರರಿಗೆ ಪಂದ್ಯಕ್ಕಿಷ್ಟು ಎಂದು ಸಂಬಳವೂ ಉಂಟು. ಹಾಗಾಗಿ ತಾವೂ ಪ್ರೊಫೆಷನಲ್ಲೇ ಎಂದು ಅವರಿಗೆ ಜಂಬ.

“ನಿನಗೆಷ್ಟು ವಯಸ್ಸು?” ಎಂದು ಕೇಳಿದರು.

ಪಾಸ್‌ಪೋರ್ಟಿನಲ್ಲಿದ್ದದ್ದನ್ನು ಹೇಳಿದೆ. “ಹದಿನಾರು, ಕೋಚ್.”

ಅವರು ಟೊಪ್ಪಿಗೆ ತೆಗೆದರು. “ಹದಿನಾರಕ್ಕೇ ಹೀಗೆ! ಇಪ್ಪತ್ತಾಗುವಷ್ಟರಲ್ಲಿ ನಿನ್ನನ್ನು ಹಿಡಿಯುವವರು ಯಾರು?”

ಯಾರಾದರೂ ಹಿಡಿಯಬಹುದಿತ್ತು. ಮುಂದಿನ ದೀಪಾವಳಿಗೆ ನನಗೆ ಹತ್ತೊಂಬತ್ತು. ಬೆಳೆಯುವಷ್ಟು ಬೆಳೆದು ಮುಗಿದಿತ್ತು. ಆದರೂ ಹೊಗಳಿಕೆಗೆ ಹಸಿದವನು ನಾನು, ಬಾಯಿ ಮುಚ್ಚಿಕೊಂಡೆ. ತಂಡದವರ ಜೊತೆ ದಿನವೂ ಅಭ್ಯಾಸಕ್ಕೆ ಹೋದೆ. ಹೊಸ ಜನ ಸಿಕ್ಕರು, ಹೊಸ ದನಿಗಳು ಸಿಕ್ಕವು. ವಾಲ್ಟರ್ ಶಿಳ್ಳೆ ಊದಿ ಕೆಮ್ಮುವುದನ್ನು ಮಾಡಿ ತೋರಿಸಿದ ದಿನ ಇಡೀ ತಂಡ ನೆಲದ ಮೇಲೆ ಬಿದ್ದು ನಕ್ಕಿತು. ಅಂದು ರಾತ್ರಿ ಕನ್ನಡಿಯ ಹತ್ತಿರ ಹೋಗಲಿಲ್ಲ.

ಪಂದ್ಯ ಆಡಲು ಮಾತ್ರ ಅಡ್ಡಿಯಿತ್ತು. ಸಂಬಳ ಕೊಡುವ ಲೀಗಾದ್ದರಿಂದ ಹದಿನೆಂಟು ತುಂಬಿದವರಿಗಷ್ಟೇ ಪ್ರವೇಶ. ವಾಲ್ಟರಿಗೆ ಈ ನಿಯಮ ಇಷ್ಟವೇ. ಹದಿನೇಳಕ್ಕೇ ದುಡ್ಡಿನಾಸೆಗೆ ದೊಡ್ಡವರ ಜೊತೆ ಆಡಲು ಹೋಗಿ ಮೊಣಕಾಲು ಮುರಿದುಕೊಂಡವರು ಅವರು. “ಎಲುಬು ಬಲಿಯುವ ತನಕ ತಡೆಯಬೇಕು ಮರಿ,” ಎಂದು ಆ ಮೊಣಕಾಲನ್ನು ತಟ್ಟಿ ಹೇಳುತ್ತಿದ್ದರು.

ಫೆಬ್ರವರಿಯಲ್ಲಿ, ಕಾಗದದಲ್ಲಿ ನನಗೆ ಹದಿನೇಳಾಗಿದ್ದಾಗ, ಅವರ ಮಾತು ಬದಲಾಯಿತು. ತಂಡದ ಸ್ಟಾರು ಮಾರ್ಕಸ್ ಹೆಚ್ಚು ಸಂಬಳಕ್ಕೆ ಸ್ಯಾನ್ ಹೋಸೆಯ ತಂಡ ಸೇರಿಬಿಟ್ಟ. ಗೋಡೆಯಾಚೆ ಮತ್ತೊಮ್ಮೆ ಗೋಳು ಕೇಳಿಸಿತು. ಈ ಸಲ ಅಮ್ಮ ಸ್ಟೆತಾಸ್ಕೋಪು ತೆಗೆದುಕೊಳ್ಳದೆ ಕಾಫಿ ತೆಗೆದುಕೊಂಡು ಹೋದಳು. ಗೆಲ್ಲುವವರ ಕಡೆಗೇ ಇರಬಹುದಲ್ಲ ಎಂದಿದ್ದ ಅಪ್ಪನೇ, “ಉಪ್ಪು ತಿಂದ ಮನೆ ಬಿಟ್ಟು ಹೋದನಲ್ಲ ಅವನು!” ಎಂದು ಕುದಿದರು.

ಮರುದಿನ ವಾಲ್ಟರ್ ಒಂದು ಕಾಗದ ತಂದರು. ಅಸಾಧಾರಣ ಪ್ರತಿಭೆಯಿದ್ದರೆ ಹದಿನೇಳರವನಿಗೂ ಲೀಗು ವಿನಾಯಿತಿ ಕೊಡಬಹುದಂತೆ. ಹುಡುಗ ಹುಟ್ಟಿದ್ದು ಇಂಥ ದಿನವೇ ಎಂದು ತಂದೆ ನೋಟರಿಯ ಮುಂದೆ ಪ್ರಮಾಣ ಮಾಡಬೇಕು. ಅಷ್ಟೇ.

ಅಷ್ಟೇ ಎಂದು ಹೇಳುವುದು ಸುಲಭ. ಅಪ್ಪ ಆ ಕಾಗದವನ್ನು ಮೂರು ದಿನ ದೇವರ ಗೂಡಿನ ಪಕ್ಕ ಇಟ್ಟುಕೊಂಡು ಓಡಾಡಿದರು. ಭಾನುವಾರ ಫಾಸ್ಟರ್ ಸಿಟಿಯಲ್ಲಿ ಧಾರವಾಡದ ರಾಯರ ಮನೆಯಲ್ಲಿ ಊಟ. ರಾಯರು ಎಂಜಿನಿಯರು, ಕನ್ನಡದವರು ಬಂದರೆ ಭಕ್ಕರಿ, ಎಣ್ಣೆಗಾಯಿ ಇಲ್ಲದೆ ಕಳಿಸುವವರಲ್ಲ. ಅಪ್ಪ ಅವರೆದುರು ಎಲ್ಲವನ್ನೂ ಹೇಳಿಕೊಂಡರು.

“ಏನ್ರೀ ಮಾಸ್ತರ, ಇಷ್ಟಕ್ಕ ತಲಿ ಕೆಡಿಸಿಕೊಂಡೀರಿ? ಸುಮ್ನ ಸಹಿ ಹಾಕ್ರಿ. ನಂದೂ ಜೂನ್ ಒಂದ ಅದ. ನಮ್ಮಣ್ಣಂದೂ ಜೂನ್ ಒಂದ.”

ರಾಯರ ಮಗಳಿಗೆ ಎಂಟು ವರ್ಷ. ಕನ್ನಡವೆಲ್ಲ ತಿಳಿಯುತ್ತದೆ, ಉತ್ತರ ಮಾತ್ರ ಇಂಗ್ಲಿಷು. ತಟ್ಟೆಯಿಂದ ತಲೆಯೆತ್ತಿ, “ಡ್ಯಾಡಿ, ನೀವೂ ದೊಡ್ಡಪ್ಪನೂ ಟ್ವಿನ್ಸಾ?” ಎಂದು ಇಂಗ್ಲಿಷಿನಲ್ಲೇ ಕೇಳಿದಳು.

ನಾನು ಬಿದ್ದು ಬಿದ್ದು ನಕ್ಕೆ. ಅಪ್ಪ ನಗಲಿಲ್ಲ.

ಅಮ್ಮನದು ಬೇರೆ ಭಯ. ವಾಪಸು ಬರುವಾಗ ಫ್ರೀವೇಯಲ್ಲಿ ಕಾರು ಓಡಿಸುತ್ತಲೇ ಹೇಳಿದಳು: “ಸುಳ್ಳು ಪ್ರಮಾಣ ಮಾಡಿ ಸಿಕ್ಕಿಬಿದ್ರೆ ಮೂರು ಜನಾನೂ ಮೈಸೂರಿಗೆ ಪಾರ್ಸೆಲ್. ನಿಜ ಹೇಳಿದ್ರೂ ಪಾಸ್‌ಪೋರ್ಟು ಸುಳ್ಳಾಗತ್ತೆ. ನೀನು ಚೆಂಡು ಹಾಕೋದಕ್ಕೆ ನಮ್ಮನ್ನ ಬುಟ್ಟಿಗೆ ಹಾಕ್ಬೇಡ ಕಣೋ.”

“ಅಪ್ಪನೇ ಸಹಿ ಮಾಡ್ತೀನಿ ಅಂತಿದ್ದಾರಲ್ಲಮ್ಮ.”

“ನಿನ್ನ ಮುಖ ನೋಡಿ ಅಂತಿದ್ದಾರೆ. ಇಲ್ಲಿಗೆ ಬಂದ್ಮೇಲೆ ನೀನು ನಗ್ತಾ ಇರೋದೇ ಈಗ.”

ನೋಟರಿ ಎಂದರೆ ಕರಿಕೋಟಿನ ವಕೀಲರಿರಬೇಕೆಂದು ನಾನು ಭಾವಿಸಿದ್ದೆ. ಇಲ್ಲಿ ಸ್ಟೇಷನರಿ ಅಂಗಡಿಯ ಮೂಲೆಯಲ್ಲಿ ಸ್ವೆಟರು ಹಾಕಿಕೊಂಡು ಕುಳಿತ ಒಬ್ಬ ಅಜ್ಜಿ. ವಾಲ್ಟರ್ ನಮ್ಮ ಹಿಂದೆ ಟೊಪ್ಪಿಗೆ ಕೈಯಲ್ಲಿ ಹಿಡಿದು ನಿಂತಿದ್ದರು. ಅಜ್ಜಿ ಕಾಗದ ಓದಿ, “ಬಲಗೈ ಎತ್ತಿ,” ಎಂದಳು.

ಅಪ್ಪ ಎತ್ತಿದರು. ಆ ಕೈಯನ್ನು ನೀವು ನೋಡಬೇಕಿತ್ತು. ಮೂವತ್ತು ವರ್ಷ ಸೀಮೆಸುಣ್ಣ ಹಿಡಿದ ಕೈ. ನೂರಾರು ಮಕ್ಕಳ ಹುಟ್ಟನ್ನು ಒಂದಿಷ್ಟೂ ಅಳುಕದೆ ಬರೆದದ್ದು ಅದೇ. ಅಲ್ಲಿ ಬರೆಯುವಾಗ ಯಾರೂ ಅದನ್ನು ಎತ್ತಿಸಿರಲಿಲ್ಲ. ಈಗ ಅದು ಭುಜದ ಮಟ್ಟಕ್ಕೂ ಏರದೆ ಅರ್ಧಕ್ಕೇ ನಿಂತಿತ್ತು. ನಮ್ಮ ಬೀದಿಯಲ್ಲಿ ಜನ ಅಪ್ಪನನ್ನು ಕಂಡರೆ ಸೈಕಲ್ಲಿನಿಂದ ಇಳಿದು ನಡೆಯುತ್ತಿದ್ದರು. ಅವರು ಇಲ್ಲಿ ಪೆನ್ಸಿಲು ರಬ್ಬರುಗಳ ನಡುವೆ, ಕದ್ದು ಸಿಕ್ಕಿಬಿದ್ದ ಮೂರನೆಯ ತರಗತಿಯ ಹುಡುಗನಂತೆ ನಿಂತಿದ್ದರು. ಅವರನ್ನು ನಾನು ಸಾವಿರ ಸಲ ಅಣಕಿಸಿದ್ದೇನೆ. ಈ ಭಂಗಿ ನನ್ನ ಬಳಿ ಇರಲಿಲ್ಲ, ಬೇಕಾಗಿಯೂ ಇರಲಿಲ್ಲ.

“ಅಪ್ಪ, ಕೈ ಇಳಿಸಿ,” ಅಂದೆ.

“ಯಾಕೋ? ನಿನಗೆ ಆಡಬೇಕಲ್ಲ?”

“ಬೇಕು. ಹೀಗೆ ಬೇಡ.”

ತಿರುಗಿ ವಾಲ್ಟರಿಗೆ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. ಶಾಲೆಯ ರಿಜಿಸ್ಟರು, ಜೂನ್ ಒಂದು, ರಾಜ್ಯ ತಂಡ. ನಾನು ಬಲು ದೀರ್ಘಕಾಲದಿಂದ ಮಾಡಿಕೊಂಡು ಬಂದ ಮಿಮಿಕ್ರಿ, ನನಗಿಂತ ಒಂದೂವರೆ ವರ್ಷ ಚಿಕ್ಕವನಾದ ಒಬ್ಬ ಹುಡುಗನದು ಎಂದೂ ಹೇಳಿದೆ.

ವಾಲ್ಟರ್ ಬೆರಳು ಮಡಚಿ ಲೆಕ್ಕ ಹಾಕಿದರು. “ಅಂದರೆ ನಿಜವಾಗಿ ನಿನಗೆ ಹತ್ತೊಂಬತ್ತು. ಆಡಬಹುದು.”

“ಹೌದು, ಕೋಚ್.”

“ಆದರೆ ಲೀಗು ನೋಡುವುದು ಕಾಗದವನ್ನು. ಕಾಗದದಲ್ಲಿ ಹದಿನೇಳು. ಆಡುವಂತಿಲ್ಲ.”

“ಹೌದು, ಕೋಚ್.”

“ವಿನಾಯಿತಿ ಕೇಳೋಣವೆಂದರೆ, ಹತ್ತೊಂಬತ್ತಕ್ಕೆ ನಿನ್ನ ಆಟ ಅಸಾಧಾರಣವೇನೂ ಅಲ್ಲ.”

“ಅಲ್ಲ, ಕೋಚ್. ಸುಮಾರು.”

ಅವರು ಅಜ್ಜಿಯ ಮೇಜಿಗೆ ಕೈಯೂರಿದರು. ಆಮೇಲೆ ನಗು ಹೊಟ್ಟೆಯಿಂದ ಹೊರಟಿತು. ಅಜ್ಜಿಯ ಮುದ್ರೆ ಮೇಜಿನಿಂದ ಉರುಳಿ ಬಿದ್ದಿತು. “ಮೇಷ್ಟ್ರೇ,” ಎಂದು ಅಪ್ಪನ ಭುಜದ ಮೇಲೆ ಕೈಯಿಟ್ಟರು. “ಜೂನ್ ಒಂದರ ತನಕ ಕಾಯೋಣ. ನೀವೇ ಬರೆದ ದಿನವಲ್ಲವೇ, ನಿಮ್ಮ ಮಾತನ್ನು ನೀವೇ ನಡೆಸಿದಂತಾಗುತ್ತದೆ.” ಇದನ್ನೆಲ್ಲ ಅವರು ಹೇಳಿದ್ದು ಇಂಗ್ಲಿಷಿನಲ್ಲಿ, ಆದರೆ ಅಪ್ಪ ಮನೆಗೆ ಬಂದು ಅಮ್ಮನಿಗೆ ಒಪ್ಪಿಸಿದ್ದು ಹೀಗೆಯೇ, ಕನ್ನಡದಲ್ಲೇ ಕೇಳಿಸಿಕೊಂಡವರಂತೆ.

ಅಮ್ಮ ರಜೆ ಹಾಕಿ ಒಬ್ಬ ವಕೀಲನ ಹತ್ತಿರ ಹೋಗಿಬಂದಳು. ತಾಯಿಯ ವೀಸಾದಲ್ಲಿ ಬರುವ ಮಗನಿಗೆ ಇಪ್ಪತ್ತೊಂದು ತುಂಬಿರಬಾರದು, ಎರಡೂ ಲೆಕ್ಕದಲ್ಲಿ ನಾನು ಅದರೊಳಗೇ ಇಲ್ಲಿಗೆ ಬಂದಿದ್ದರಿಂದ ಆ ತಾರೀಖಿನಿಂದ ಯಾರಿಗೂ ಲಾಭವಾಗಿಲ್ಲ, ನಿದ್ದೆ ಮಾಡಿ ಎಂದನಂತೆ ಆತ. ಊರವರನ್ನೆಲ್ಲ ಮಲಗಿಸುವ ಅಮ್ಮ ಅಂದು ಸಂಜೆ ಆರಕ್ಕೇ ಮಲಗಿ ಬೆಳಿಗ್ಗೆ ಏಳಕ್ಕೆ ಎದ್ದಳು.

ಕಾಯುವ ತಿಂಗಳುಗಳಲ್ಲಿ ವಾಲ್ಟರ್ ನನ್ನ ಕೈಗೆ ಮೈಕು ಕೊಟ್ಟರು. ಪಂದ್ಯದ ನಡುವೆ ಅಂಕ ಕೂಗುವ ಕೆಲಸ, ಸಂಬಳವಿಲ್ಲ. ನಾನು ರೆಫರಿಯ ಮೂಗಿನ ದನಿಯಲ್ಲಿ ಕೂಗಿದೆ, ವಾಲ್ಟರ ಕೆಮ್ಮಿನಲ್ಲಿ ಕೂಗಿದೆ. ಒಮ್ಮೆ ಮೈಸೂರಿನ ಹಾಲಿನವನ ರಾಗದಲ್ಲೇ ಕೂಗಿಬಿಟ್ಟೆ. ಅವನು ಯಾರೆಂದು ತಿಳಿಯದ ಇನ್ನೂರು ಜನ ಚಪ್ಪಾಳೆ ತಟ್ಟಿದರು. ಇದಕ್ಕಿಂತ ದೊಡ್ಡ ಗೆಲುವನ್ನು ನಾನು ಈ ದೇಶದಲ್ಲಿ ಇನ್ನೂ ಕಂಡಿಲ್ಲ.

ಒಂದು ಮುಳ್ಳು ಉಳಿದಿತ್ತು. ರಾಜ್ಯ ತಂಡದ ಆಯ್ಕೆಯಲ್ಲಿ ಕೊನೆಯ ಜಾಗಕ್ಕೆ ನಾನು ಮತ್ತು ಗೆಳೆಯ ಶಿವಣ್ಣ ಉಳಿದಿದ್ದೆವು. ಜಾಗ ನನಗೆ ಸಿಕ್ಕಿತು. ಅವನು ನನ್ನ ಕೈ ಕುಲುಕಿ, ಹಿಂತಿರುಗಿ ನೋಡದೆ ಹೋದ. ಅವನಿಗೆ ನಿಜ ಬರೆದು ಕ್ಷಮೆ ಕೇಳಿದೆ. ಮೂರು ವಾರದ ಮೇಲೆ ನೀಲಿ ಇನ್‌ಲ್ಯಾಂಡಿನಂಥ ಏರೋಗ್ರಾಮು ಬಂತು. “ಲೋ ಪೆದ್ದ, ನಂದೂ ಜೂನ್ ಒಂದೇ. ನಿಮ್ಮಪ್ಪನೇ ಬರೆದದ್ದು. ಆಗ ನಂಗೆ ಹದಿನಾರು ಮುಗಿದು ಮೂರು ತಿಂಗಳಾಗಿತ್ತು. ನೀನು ನನಗಿಂತ ಚೆನ್ನಾಗಿ ಆಡಿದೆ ಅಷ್ಟೆ. ಕ್ಷಮೆ ಕೇಳ್ಬೇಕಾದೋರು ನಾವಿಬ್ರೂ ಸೇರಿ, ಆ ಮೂರನೇ ಹುಡುಗನ್ನ, ನಮ್ಮಿಬ್ರಿಂದ ಆಯ್ಕೆಯಲ್ಲಿ ಮೊದಲೇ ಹೊರಬಿದ್ದೋನನ್ನ. ಅವನ ಹೆಸರು ನೆನಪಿದ್ಯಾ?”

ನೆನಪಿರಲಿಲ್ಲ. ಹಗುರಾದ ಎದೆಯಲ್ಲಿ ಅದೊಂದು ಈಗಲೂ ಸಣ್ಣಗೆ ಚುಚ್ಚುತ್ತದೆ.

ಜೂನ್ ಒಂದು ಬಂತು. ಅಂದೇ ಸ್ಯಾನ್ ಹೋಸೆಯವರ ಮೇಲೆ ಪಂದ್ಯ. ಮೈಸೂರಿನ ಸ್ಟಾರು ನಾಲ್ಕು ಪಾಯಿಂಟು ಗಳಿಸಿದ. ಮಾರ್ಕಸ್ ಒಬ್ಬನೇ ಮೂವತ್ತು ಗಳಿಸಿ ನಮ್ಮನ್ನು ಸೋಲಿಸಿದ. ಗೋದಾಮಿನ ಟೊಪ್ಪಿಗೆ ಹಾಕಿಕೊಂಡಿದ್ದ ಅಪ್ಪ ಎದ್ದು ನಿಂತು ಅವನನ್ನು ಅಚ್ಚಗನ್ನಡದಲ್ಲಿ ಬೈದರು. ಅವನು ಹರಸುತ್ತಿದ್ದಾರೆಂದು ತಿಳಿದು ಕೈಬೀಸಿದ. ನನಗೆ ಬೇಜಾರಾಗಬೇಕಿತ್ತು. ಬದಲಿಗೆ, ಬಹಳ ದಿನ ಬಿಗಿಯಾಗಿದ್ದ ಬೂಟನ್ನು ಬಿಚ್ಚಿದ ಹಾಗಾಯಿತು. ನಾನು ಸುಮಾರು ಆಟಗಾರ, ನನ್ನ ವಯಸ್ಸಿಗೆ ತಕ್ಕಷ್ಟು ಆಡುತ್ತೇನೆ. ಎಷ್ಟು ಆರಾಮ!

ಪಂದ್ಯ ಮುಗಿದ ಮೇಲೆ ತಂಡದವರು ಕೇಕು ತಂದರು. ಇಲ್ಲಿ ಹುಟ್ಟುಹಬ್ಬಕ್ಕೆ ದೀಪ ಹಚ್ಚುವುದಿಲ್ಲ, ಊದಿ ಆರಿಸುತ್ತಾರೆ. ಅಪ್ಪನಿಗೆ ಅದನ್ನು ನೋಡಲಾಗದು, ಮುಖ ತಿರುಗಿಸಿ ನಿಂತರು. ವಾಲ್ಟರ್ ಎಣಿಸಿ ಹದಿನೆಂಟು ಮೇಣದ ಬತ್ತಿ ಚುಚ್ಚಿದರು. ಅಮ್ಮ ಪೆಟ್ಟಿಗೆಯಿಂದ ಹತ್ತೊಂಬತ್ತನೆಯದೊಂದನ್ನು ತೆಗೆದು, ಹಚ್ಚಿ, ತಟ್ಟೆಯ ಅಂಚಿಗೆ ಬೇರೆಯಾಗಿ ನಿಲ್ಲಿಸಿದಳು. ವಾಲ್ಟರ್ ಅದಕ್ಕೆ ಜಾಗವಾಗುವಂತೆ ಕೇಕನ್ನು ಸ್ವಲ್ಪ ಸರಿಸಿದರು.

ಎಲ್ಲರೂ ಹಾಡಿದರು. ನಾನು ಉಸಿರೆಳೆದುಕೊಂಡು ಹದಿನೆಂಟನ್ನೂ ಒಂದೇ ಸಲಕ್ಕೆ ಊದಿದೆ. ಅಂಚಿನಲ್ಲಿದ್ದ ಆ ಒಂದಕ್ಕೆ ಗಾಳಿ ತಾಗದಂತೆ ಅಮ್ಮ ಕೈ ಅಡ್ಡ ಹಿಡಿದಿದ್ದಳು.