ದ್ರಾಕ್ಷಿ ಅಂದ್ರೆ ನಂಗೆ ಪ್ರಾಣ

ನನಗೆ ಒಣದ್ರಾಕ್ಷಿ ಕಂಡರಾಗದು. ಚಿಕ್ಕಂದಿನಿಂದಲೂ ಅಷ್ಟೇ. ಈ ಒಂದು ಮಾತನ್ನು ಮುಚ್ಚಿಡಲು ಸುಳ್ಳು ಹೇಳಿ, ನನ್ನ ಗಂಡನ ಅಕ್ಕ ಗಂಗಕ್ಕನನ್ನು ಈ ಮನೆಯಿಂದ ಹೊರಗೆ ಹಾಕಿಸಿದವಳು ನಾನು. ಅದಾಗಿ ಏಳು ವರ್ಷವಾಯಿತು. ಇವತ್ತು ಮಧ್ಯಾಹ್ನ ಆಕೆ ಬರುತ್ತಾಳೆ. ಅಷ್ಟರೊಳಗೆ ಇದನ್ನು ಒಮ್ಮೆ ಬರೆದು ನೋಡಿಕೊಳ್ಳಬೇಕು— ಎಲ್ಲರ ಮುಂದೆ ಹೇಳುವಾಗ ನಾಲಿಗೆ ತಡವರಿಸಬಾರದು.

ನಗಬೇಡಿ. ಒಂದು ದ್ರಾಕ್ಷಿಗೆ ಇಷ್ಟು ರಾದ್ಧಾಂತವೇ ಎಂದು ನಾನೂ ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಕೆಂಗೇರಿಯಲ್ಲಿ ನಮ್ಮದು ದನಕರುಗಳಿದ್ದ ಮನೆ. ಹಸುವಿನ ಕಿವಿಯಿಂದ ಉಣ್ಣಿ ಕೀಳುವುದು ನನ್ನ ಕೆಲಸವಾಗಿತ್ತು. ರಕ್ತ ಕುಡಿದು ಊದಿಕೊಂಡ ಉಣ್ಣಿಯನ್ನು ಕಂಡವರು ತುಪ್ಪದಲ್ಲಿ ಹುರಿದು ಉಬ್ಬಿದ ದ್ರಾಕ್ಷಿಯನ್ನು ಹೇಗೆ ತಿನ್ನುತ್ತಾರೋ, ನನಗಂತೂ ತಿಳಿಯದು. ಹಬ್ಬದ ಪಾಯಸದಲ್ಲಿ ಒಂದು ಹಲ್ಲಿಗೆ ಸಿಕ್ಕರೂ ಎದ್ದು ಹೋಗಿ ಉಗುಳಿ ಬರುತ್ತಿದ್ದೆ. ಅಮ್ಮ ಇರುವವರೆಗೂ ಆರಿಸಿ ತೆಗೆದು ಬಡಿಸುತ್ತಿದ್ದಳು.

ಮದುವೆಯಾಗಿ ರಾಜಾಜಿನಗರಕ್ಕೆ ಬಂದಾಗ ನಮ್ಮ ಬೀದಿಯಲ್ಲಿ ಮನೆಗಳಿಗಿಂತ ಕಲ್ಲು ನೆಟ್ಟ ಖಾಲಿ ಸೈಟುಗಳೇ ಹೆಚ್ಚು. ಯಜಮಾನರು ಸೈಕಲ್ಲು ಹತ್ತಿ ಕಾರ್ಖಾನೆಗೆ ಹೊರಟರೆ ಬಹಳ ದೂರದವರೆಗೂ ಕಾಣುತ್ತಿದ್ದರು. ಮನೆಯಲ್ಲಿ ಅತ್ತೆ, ಮೈದುನ, ಮತ್ತೆ ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ತವರಿಗೆ ಮರಳಿದ್ದ ಗಂಗಕ್ಕ. ಅಮ್ಮ ತೀರಿಕೊಂಡಿದ್ದರಿಂದ ನನ್ನ ಚೊಚ್ಚಲ ಬಾಣಂತನ ಅತ್ತೆಯ ಕೈಯಲ್ಲೇ ಆಯಿತು.

ಅತ್ತೆ ದಾವಣಗೆರೆ ಕಡೆಯವರು. ಆ ಕಡೆ ಬಾಣಂತಿಗೆ ಅಂಟಿನ ಉಂಡೆ ಕಟ್ಟಿ ತಿನ್ನಿಸುತ್ತಾರೆ— ಹುರಿದ ಅಂಟು, ಕೊಬ್ಬರಿ, ಬೆಲ್ಲ, ಕುಟ್ಟಿದ ಉತ್ತತ್ತಿ, ಅದರ ಮೇಲೆ ಕೈತುಂಬ ದ್ರಾಕ್ಷಿ. ಅತ್ತೆ ತಾವೇ ಪೇಟೆಗೆ ಹೋಗಿ ದ್ರಾಕ್ಷಿಯನ್ನು ಒತ್ತಿ ನೋಡಿ ತಂದಿದ್ದರು. ಆ ಉಂಡೆ ಬಾಣಂತಿಯ ಪಾಲು. ಬೇರೆಯವರು ಬಾಯಿಗಿಟ್ಟರೆ ತಾಯಿಯ ಎದೆಹಾಲು ಬತ್ತುತ್ತದೆ ಎಂದು ಅವರ ಗಟ್ಟಿ ನಂಬಿಕೆ. ನೋಡಲು ಬಂದ ಹೆಂಗಸರೆಲ್ಲ “ಹೆತ್ತ ತಾಯೀನೂ ಹಿಂಗೆ ಬಾಣಂತನ ಮಾಡಲ್ಲ ಬಿಡಮ್ಮ” ಎಂದು ಹೊಗಳಿ ಹೋಗುತ್ತಿದ್ದರು. ಆ ಮಾತು ನಿಜವೂ ಆಗಿತ್ತು. ಅಂಥವರ ಮುಂದೆ ನನಗಿದು ಸೇರುವುದಿಲ್ಲ ಎನ್ನಲು— ಬಾಯೇ ಬರಲಿಲ್ಲ.

ಕೋಣೆಗೆ ಉಂಡೆ ತಂದುಕೊಡುತ್ತಿದ್ದವಳು ಗಂಗಕ್ಕ. ಅವಳಿಗೋ ದ್ರಾಕ್ಷಿ ಎಂದರೆ ಮಕ್ಕಳಿಗಿಂತ ಹೆಚ್ಚು ಆಸೆ. ಹಬ್ಬದ ದಿನ ಪಾಯಸದ ದ್ರಾಕ್ಷಿಯನ್ನೆಲ್ಲ ಎಲೆಯ ತುದಿಗೆ ಸರಿಸಿಟ್ಟುಕೊಂಡು ಕೊನೆಗೆ ಒಂದೊಂದಾಗಿ ತಿನ್ನುತ್ತಿದ್ದಳು. ಒಂದು ಬೆಳಿಗ್ಗೆ ನಾನು ಓಕರಿಸುವುದನ್ನು ಕಂಡು ಗಾಬರಿಯಾದಳು. ಅವಳಿಗೆ ನಿಜ ಹೇಳಿದೆ.

“ಅಷ್ಟೇನಾ? ಅಮ್ಮಂಗೆ ಹೇಳ್ತೀನಿ ಇರು. ದ್ರಾಕ್ಷಿ ಹಾಕ್ದೆ ಬೇರೆ ಕಟ್ಟಿಕೊಡ್ತಾರೆ.”

“ಬೇಡ ಅಕ್ಕ, ನೊಂದ್ಕೋತಾರೆ. ನೀವೇ ತಿಂದ್ಬಿಡಿ.”

“ಬಾಣಂತಿ ಪಾಲು ಕಣೇ ಅದು. ನಾನು ಮುಟ್ಬಾರ್ದು.”

“ನನ್ನಾಣೆ ಅಕ್ಕ.”

ಆಣೆ ಇಟ್ಟವಳು ನಾನು. ಒಂದು ದಿನವಲ್ಲ— ದಿನವೂ ಇಟ್ಟೆ. ಅವಳು ದಿನವೂ ಬೇಡವೆಂದು, ದಿನವೂ ಸೋತು, ಸೆರಗಿನಲ್ಲಿ ಮುಚ್ಚಿಕೊಂಡು ಹಿತ್ತಲಿಗೆ ಹೋಗುತ್ತಿದ್ದಳು.

ಅಷ್ಟರಲ್ಲಿ ನನಗೆ ಹಾಲು ಕಡಿಮೆಯಾಯಿತು. ಮಗು ಹಸಿವಿಗೆ ಚೀರುತ್ತಿತ್ತು, ಅತ್ತೆ ಯಾರ ಕಣ್ಣು ಬಿತ್ತೋ ಎಂದು ದೃಷ್ಟಿ ತೆಗೆಯುತ್ತಿದ್ದರು. ಒಂದು ದಿನ ಹಿತ್ತಲಿಗೆ ಹೋದವರು, ಒಗೆಯುವ ಕಲ್ಲಿನ ಪಕ್ಕ ನಿಂತು ಉಂಡೆ ತಿನ್ನುತ್ತಿದ್ದ ಮಗಳನ್ನು ಕಂಡರು. ರಟ್ಟೆ ಹಿಡಿದು ಎಳೆದುಕೊಂಡು ಬಂದು ನನ್ನ ಕೋಣೆಯ ಬಾಗಿಲಲ್ಲಿ ನಿಲ್ಲಿಸಿದರು.

“ಪಾರ್ವತಿ, ನೀನು ಕೊಟ್ಯಾ ಇವ್ಳಿಗೆ?”

ಹೌದು— ಅಷ್ಟೇ ಸಾಕಿತ್ತು. ಆದರೆ ಹೌದು ಎಂದರೆ ಮಗುವನ್ನು ಉಪವಾಸ ಕೆಡವಿದ ತಾಯಿ ನಾನಾಗುತ್ತಿದ್ದೆ. ನಾನು ಹೇಳಿದ್ದು ಇದು:

“ಇಲ್ಲ ಅತ್ತೆ. ದ್ರಾಕ್ಷಿ ಅಂದ್ರೆ ನಂಗೆ ಪ್ರಾಣ. ನಾನ್ಯಾಕೆ ಕೊಡ್ಲಿ?”

ಗಂಗಕ್ಕ ನನ್ನನ್ನು ನೋಡಿದಳು. ಬಾಯಲ್ಲಿದ್ದುದನ್ನು ನುಂಗಿದಳು. “ಮಗೂ ಬಾಯಿಂದ ಕಿತ್ಕೊಂಡು ತಿಂದ್ಯಲ್ಲೇ, ಪಾಪಿ!” ಎಂದು ಅತ್ತೆ ತಲೆ ತಲೆ ಚಚ್ಚಿಕೊಂಡರೂ ಅವಳು ನನ್ನ ಹೆಸರು ಎತ್ತಲಿಲ್ಲ. ಯಾಕೆ ಎತ್ತಲಿಲ್ಲ— ನಾನು ಹುಡುಕಿದ ಉತ್ತರಗಳೆಲ್ಲ ನನಗೇ ಅನುಕೂಲವಾಗಿ ಬರುತ್ತವೆ. ಹಾಗಾಗಿ ಹುಡುಕುವುದನ್ನು ಬಿಟ್ಟಿದ್ದೇನೆ. ಆ ತಿಂಗಳೇ ಅವಳನ್ನು ತುಮಕೂರಿಗೆ, ಗಂಡನ ಅಣ್ಣನ ಮನೆಗೆ ಕಳಿಸಿದರು. ಅಲ್ಲಿ ಆ ದೊಡ್ಡ ಸಂಸಾರಕ್ಕೆಲ್ಲ ಬೇಯಿಸಿ ಹಾಕಿಕೊಂಡಿದ್ದಾಳೆ.

ಅಂದಿನಿಂದ ಈ ಮನೆಯಲ್ಲಿ ನಾನು ದ್ರಾಕ್ಷಿಯ ಮೋಹದವಳು. ಕೇಸರಿಬಾತಿರಲಿ, ಪಾಯಸವಿರಲಿ, ಅತ್ತೆ ಪ್ರೀತಿಯಿಂದ ಹುಡುಕಿ ಹುಡುಕಿ ನನ್ನ ಎಲೆಗೇ ಹಾಕುತ್ತಾರೆ. ಅಗಿಯದೆ ನುಂಗುತ್ತೇನೆ, ಮೇಲೆ ನೀರು ಕುಡಿಯುತ್ತೇನೆ. ವಿಶೇಷಗಳಿಗೆ ನೆಂಟಳ ಹಾಗೆ ಬಂದುಹೋಗುವ ಗಂಗಕ್ಕ ಬಡಿಸುವವರಿಗೆ ಎಲೆಯ ಮೇಲೆ ಕೈ ಅಡ್ಡ ಹಿಡಿದು, “ದ್ರಾಕ್ಷಿ ಬೇಡಮ್ಮ, ನಂಗೆ ಸೇರಲ್ಲ” ಎನ್ನುತ್ತಾಳೆ. ಜನ ನಂಬಿದ್ದಾರೆ. ಅವಳ ಇಷ್ಟವನ್ನು ನಾನು ಹೊತ್ತುಕೊಂಡು, ನನ್ನ ಅಸಹ್ಯವನ್ನು ಅವಳ ತಲೆಗೆ ಕಟ್ಟಿದ್ದೇನೆ. ನಾಚಿಕೆಯಾಗುತ್ತದೆ. ನಾಚಿಕೆಪಟ್ಟುಕೊಂಡೇ ಇಷ್ಟು ವರ್ಷ ಚೆನ್ನಾಗಿ ಉಂಡೆ, ಉಟ್ಟೆ— ಅದನ್ನೂ ಬರೆಯಬೇಕು.

ಈಗ ಮೈದುನನ ಹೆಂಡತಿಗೆ ಹೆಣ್ಣು ಮಗು. ಇವತ್ತು ನಾಮಕರಣ. ಅತ್ತೆ ಮತ್ತೆ ಉಂಡೆ ಕಟ್ಟಿದ್ದಾರೆ. ಬೆಳಿಗ್ಗೆ ಡಬ್ಬವನ್ನು ಗೋಡೆ ಬೀರುವಿನಲ್ಲಿಟ್ಟು ಬೀಗ ಹಾಕಿ, ಬೀಗದ ಕೈಯನ್ನು ನನ್ನ ಕೈಗೆ ಕೊಟ್ಟರು.

“ಗಂಗ ಬರ್ತಾಳೆ ಇವತ್ತು. ಇದು ನಿನ್ಹತ್ರಾನೇ ಇರ್ಲಿ. ನಂಬೋಕೆ ಈ ಮನೇಲಿ ನೀನೊಬ್ಳೇ ನಂಗೆ.”

ಸಾಕು. ಇನ್ನು ಆಗದು.

ಎಲ್ಲರೂ ಊಟಕ್ಕೆ ಕುಳಿತ ಮೇಲೆ, ಪಾಯಸ ಬರುವ ಮೊದಲು ಹೇಳುತ್ತೇನೆ. ಅತ್ತೆ, ನನಗೆ ದ್ರಾಕ್ಷಿ ಸೇರುವುದಿಲ್ಲ, ಅವತ್ತೂ ಸೇರುತ್ತಿರಲಿಲ್ಲ, ಅಕ್ಕ ಬೇಡ ಬೇಡವೆಂದರೂ ಆಣೆ ಇಟ್ಟು ತಿನ್ನಿಸಿದವಳು ನಾನೇ— ಇಷ್ಟೇ. ಚಿಕ್ಕವಳಾಗಿದ್ದೆ ಎನ್ನುವುದಿಲ್ಲ, ಹೆದರಿದ್ದೆ ಎನ್ನುವುದಿಲ್ಲ. ಅಳುವುದಂತೂ ಇಲ್ಲ, ಅತ್ತರೆ ಎಲ್ಲರೂ ನನ್ನನ್ನೇ ಸಮಾಧಾನ ಮಾಡಲು ನಿಲ್ಲುತ್ತಾರೆ. ಯಜಮಾನರು ಏನೆನ್ನುತ್ತಾರೋ, ಅತ್ತೆ ಇನ್ನು ಮುಂದೆ ನನ್ನ ಕೈಯ ನೀರು ಮುಟ್ಟುತ್ತಾರೋ ಇಲ್ಲವೋ ಗೊತ್ತಿಲ್ಲ. ಆಮೇಲೆ ಗಂಗಕ್ಕನನ್ನು ಇಲ್ಲೇ ಇರಿ ಎಂದು ಕೇಳುತ್ತೇನೆ. ಒಲ್ಲೆ ಎಂದರೆ ಅದು ಅವಳಿಷ್ಟ.

ಗೇಟಿನ ಸದ್ದಾಯಿತು. “ಪಾರ್ವತೀ...” ಎಂದು ಕರೆಯುತ್ತಿದ್ದಾಳೆ. ಮೊದಲು ಬೀರುವಿನ ಬೀಗ ತೆಗೆದು, ಆಮೇಲೆ ಬಾಗಿಲಿಗೆ ಹೋಗುತ್ತೇನೆ.