ಅಜ್ಜಾರ ಎಲಿ

ಕಾರ್ಡಿನ ಕಟ್ಟಿನಿಂದ ಆ ಒಂದು ಎಲೆ ಬಂತೆಂದರೆ ರತ್ನಕ್ಕ ಹೊಲಿಗೆ ಮಷೀನಿನ ಪೆಡಲಿನಿಂದ ಕಾಲು ತೆಗೆದು, ಚಪ್ಪಲಿ ಬದಿಗೆ ಸರಿಸಿ, ಸೆರಗನ್ನು ತಲೆಯ ಮೇಲೆ ಎಳೆದುಕೊಳ್ಳುತ್ತಿದ್ದಳು. ಎದುರಿಗೆ ಕೂತ ಹೆಂಗಸಿಗೆ ಅಷ್ಟರಲ್ಲೇ ಗೊತ್ತಾಗಿಬಿಡುತ್ತಿತ್ತು. "ಅಜ್ಜಾರು ಬಂದ್ರೇನ್ರಿ?" ಎಂದು ಅವಳೂ ಕೈ ಮುಗಿಯುತ್ತಿದ್ದಳು.

ಎಲೆಯಲ್ಲಿದ್ದವನು ಹಿಮದ ಬೆಟ್ಟದ ತುದಿಯಲ್ಲಿ ಲಾಟೀನು, ಕೋಲು ಹಿಡಿದು, ತಲೆ ತಗ್ಗಿಸಿ ನಿಂತ ಯಾವುದೋ ದೂರದೇಶದ ಮುದುಕ. ಭವಿಷ್ಯ ಹೇಳುವ ಟ್ಯಾರೋ ಕಾರ್ಡುಗಳಲ್ಲಿ ಒಂಬತ್ತನೆಯವನು, ಎಲ್ಲ ಬಿಟ್ಟು ಏಕಾಂತಕ್ಕೆ ಹೋದ ವಿರಕ್ತ. ನಮ್ಮ ಕಡೆ ಮಠದ ಸ್ವಾಮಿಗಳನ್ನು ಅಜ್ಜಾರು ಅನ್ನುವುದರಿಂದ ಕೊಟ್ಟೂರಿನಲ್ಲಿ ಅವನೂ ಅಜ್ಜಾರೇ ಆದ. ಭಕ್ತಿ ಉಕ್ಕಿದ ಗಿರಾಕಿಯೊಬ್ಬಳು ಅವನ ಹಣೆಗೆ ವಿಭೂತಿಯನ್ನೂ ಹಚ್ಚಿದ್ದಳು. ಎಷ್ಟು ಒರೆಸಿದರೂ ಆ ಬಿಳಿ ಗೆರೆ ಪೂರ್ತಿ ಹೋಗಲಿಲ್ಲ.

ಇದನ್ನು ಬರೆಯುವ ಮೊದಲು ಫೋನಿನಲ್ಲಿ ಆ ಚಿತ್ರ ತೆಗೆದು ನೋಡಿದೆ. ಲಾಟೀನು ಅವನ ಎಡಗೈಯಲ್ಲಿದೆ ಎಂದು ಇಷ್ಟು ವರ್ಷ ನಂಬಿದ್ದೆ, ಇರುವುದು ಬಲಗೈಯಲ್ಲಿ. ಕಣ್ಣೆದುರೇ ನೂರು ಸಲ ಬಿದ್ದ ಎಲೆಯನ್ನೇ ತಪ್ಪಾಗಿ ಇಟ್ಟುಕೊಂಡಿರುವ ನನ್ನ ತಲೆ ರತ್ನಕ್ಕನನ್ನು ಎಷ್ಟು ಸರಿಯಾಗಿ ಇಟ್ಟುಕೊಂಡಿದೆಯೋ ಗೊತ್ತಿಲ್ಲ. ನೆನಪು ಪ್ರತಿ ಸಲವೂ ತನ್ನನ್ನು ಹೊಸದಾಗಿ ಕಟ್ಟಿಕೊಳ್ಳುತ್ತದೆ ಎಂದು ತರಗತಿಯಲ್ಲಿ ಪಾಠ ಮಾಡುವವನು ನಾನು. ಪಾಠ ಮಾಡುವುದು ಸುಲಭ.

ಧಾರವಾಡದಲ್ಲಿ ಮನಃಶಾಸ್ತ್ರ ಓದಿ, ಒಂದೂರಿನಲ್ಲಿ ನಿಲ್ಲಲಾಗದೆ, ಅತಿಥಿ ಉಪನ್ಯಾಸಕನಾಗಿ ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ ಎಂದು ಅಲೆದು ಕೊಟ್ಟೂರಿಗೆ ಬಂದಾಗ ಅವಳ ಬ್ಲೌಸ್ ಅಂಗಡಿಯ ಮೇಲಿನ ಕೋಣೆ ಬಾಡಿಗೆಗೆ ಸಿಕ್ಕಿತು. ರತ್ನಕ್ಕನಿಗೆ ಆಗ ನಲವತ್ತರ ಆಸುಪಾಸು. ಫೋನಿನಲ್ಲಿ ಯಾರೋ ಟ್ಯಾರೋ ಹೇಳುವುದನ್ನು ನೋಡಿ ತಾನೂ ಒಂದು ಕಟ್ಟು ತರಿಸಿಕೊಂಡಿದ್ದಳು. ಅಳತೆ ಕೊಡಲು ಬಂದವರು ಕೇಳಿದರೆ ಎಲೆ ಹಾಕುತ್ತಿದ್ದಳು, ಅದಕ್ಕೆ ದುಡ್ಡು ಮುಟ್ಟುತ್ತಿರಲಿಲ್ಲ. ಪಕ್ಕದ ಬಟ್ಟೆ ಅಂಗಡಿಯ ಚನ್ನಬಸಪ್ಪ ಮೊದಲ ದಿನವೇ ಕೆಣಕಿದ್ದ.

"ಏನವ್ವಾ ರತ್ನಾ, ಅಂದರ್ ಬಾಹರ್ ಶುರು ಮಾಡೀಯಂತಲ್ಲ! ಪೊಲೀಸ್ರು ಬಂದ್ರ ನನ್ನ ಹೆಸರ ಹೇಳಬ್ಯಾಡವ್ವ."

"ಹೇಳದ ಬಿಡ್ತೀನೇನ್ರಿ ಕಾಕಾ? ಎಲಿ ಹಂಚಿದವರ ನೀವು ಅಂತೀನಿ."

ಅಜ್ಜಾರ ಎಲೆ ಬಂದರೆ ಜನರಿಂದ ದೂರವಾಗುವುದು, ಒಂಟಿತನ ಎಂದು ಅರ್ಥ. ಕಟ್ಟಿನ ಜೊತೆ ಬಂದ ಪುಸ್ತಕದಲ್ಲೂ ಹಾಗೇ ಇತ್ತು. ರತ್ನಕ್ಕ ಮಾತ್ರ ಪ್ರತಿಯೊಬ್ಬರಿಗೂ "ಬರಾಕತ್ತಾರ" ಎನ್ನುತ್ತಿದ್ದಳು. ಮಗ ಮಾತು ಬಿಟ್ಟಿದ್ದರೆ ಮಗ, ಬೀಗರು ಮುನಿಸಿಕೊಂಡಿದ್ದರೆ ಬೀಗರು. ಇದು ತಪ್ಪಲ್ಲವೇ ಎಂದು ಒಮ್ಮೆ ಕೇಳಿದೆ.

"ಸರ, ಕೈಯಾಗ ಕೋಲ ಹಿಡದ ಅಜ್ಜಾರು ನಿಮ್ಮ ಮನಿ ಮುಂದ ಯಾವಾಗ ನಿಂತಾರ ಹೇಳ್ರಿ?"

"ಭಿಕ್ಷಕ್ಕ ಬಂದಾಗ."

"ಹಂಗಾರ ಅವರು ಹೊಂಟಾರೋ, ಬಂದಾರೋ? ನಿಮ್ಮ ಪುಸ್ತಕದಾಗ ಹೊಂಟಾರ. ನಮ್ಮೂರಾಗ ಬರ್ತಾರ."

ಅವಳು ಹಾಗೆ ಓದುವುದಕ್ಕೆ ಕಾರಣವಿತ್ತು. ಗಂಡ ವೀರೇಶ ಪಂಪ್‌ಸೆಟ್ ಮೋಟರ್ ರಿಪೇರಿ ಮಾಡುತ್ತಿದ್ದವನು. ಮಗಳು ಪೂಜಾ ಹೈಸ್ಕೂಲಿನಲ್ಲಿದ್ದಾಗ, ತಾಮ್ರದ ವೈರು ತರುತ್ತೇನೆಂದು ಹರಪನಹಳ್ಳಿಗೆ ಹೋದವನು ತಿರುಗಿ ಬರಲಿಲ್ಲ. ಬೈಕು ಅಲ್ಲಿನ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿತು. ಮನೆಯಲ್ಲಿ ಜಗಳವಿರಲಿಲ್ಲ. ಮಠ, ಪ್ರವಚನ ಎಂದರೆ ಊಟ ಬಿಟ್ಟು ಕೂರುವ ಮನುಷ್ಯ ಅವನು. ಹಿರೇಹಡಗಲಿ ಕಡೆ ಕಾವಿ ಉಟ್ಟವನೊಬ್ಬ ಥೇಟು ವೀರೇಶನಂತೆಯೇ ಇದ್ದ ಎಂದು ಯಾರೋ ಹೇಳಿದರು. ರತ್ನಕ್ಕ ಪೂಜಾಳನ್ನು ಕರೆದುಕೊಂಡು ಹೋದಳು. ಕಾವಿಯವನು ಇದ್ದ, ವೀರೇಶ ಆಗಿರಲಿಲ್ಲ. ಅಂದಿನಿಂದ ದಿನಾ ಬೆಳಿಗ್ಗೆ ಅಂಗಡಿ ತೆರೆದ ಮೇಲೆ ತನಗೆಂದು ಒಂದೇ ಎಲೆ ಎತ್ತುತ್ತಿದ್ದಳು.

ನಾನು ಅವಳ ನಂಬಿಕೆಯನ್ನು ಗೇಲಿ ಮಾಡಲಿಲ್ಲ, ಆದರೆ ಸುಮ್ಮನಿರಲೂ ಆಗಲಿಲ್ಲ. ಒಂದೇ ಮುದುಕನನ್ನು ಒಬ್ಬೊಬ್ಬ ಚಿತ್ರಗಾರ ಒಂದೊಂದು ತರ ಬರೆದಿದ್ದಾನೆ, ಅರ್ಥ ಎಲೆಯೊಳಗಿಲ್ಲ, ನೋಡುವವರಲ್ಲಿದೆ ಎಂದು ತೋರಿಸಬೇಕೆಂದು ಬೇರೆ ಬೇರೆ ಕಟ್ಟುಗಳನ್ನು ತರಿಸಿಕೊಟ್ಟೆ. ಹಳೆಯ ಫ್ರೆಂಚ್ ಮಾದರಿಯ ಕಟ್ಟಿನಲ್ಲಿ ಹಿಮವೂ ಇಲ್ಲ, ಬೆಟ್ಟವೂ ಇಲ್ಲ; ಮುದುಕ ಲಾಟೀನನ್ನು ಮುಖದ ಮಟ್ಟಕ್ಕೆ ಎತ್ತಿ ಯಾರನ್ನೋ ಹುಡುಕುತ್ತಿದ್ದಾನೆ. "ಇವ್ರು ವಿಳಾಸ ಮರ್ತಾರ," ಎಂದಳು. ಹೆಂಗಸರೇ ತುಂಬಿದ ಇನ್ನೊಂದರಲ್ಲಿ ಆ ಜಾಗದಲ್ಲಿ ಮುದುಕಿಯೊಬ್ಬಳು ಗುಹೆಯ ಬಾಯಲ್ಲಿ ದೀಪ ಇಟ್ಟುಕೊಂಡು ಕೂತಿದ್ದಳು. ರತ್ನಕ್ಕ ಬಹಳ ಹೊತ್ತು ಅದನ್ನೇ ನೋಡಿದಳು. "ಇಕಿ ಹೋದಾಕಿ ಅಲ್ಲ ಸರ. ಕಾಯಾಕತ್ತಾಳ." ಪ್ರಾಣಿಗಳ ಕಟ್ಟಿನಲ್ಲಿ ವಿರಕ್ತನ ಬದಲು ಒಂದು ಆಮೆ. ಅದನ್ನು ಕಂಡು ಹೊಟ್ಟೆ ಹಿಡಿದುಕೊಂಡು ನಕ್ಕಳು. "ಇದು ನಮ್ಮ ಮನಿಯವರ ನೋಡ್ರಿ! ಬರಾಕತ್ತಾರ, ಬರಾಕತ್ತಾರ, ಇನ್ನಾ ಬರಾಕತ್ತಾರ!"

ನಗು ನಿಂತ ಮೇಲೆ ಎದ್ದು ಒಳಗೆ ಹೋದಳು.

ಪೂಜಾಳ ಮದುವೆ ಗೊತ್ತಾದಾಗ ತೆಲಿಗಿಯಿಂದ ವೀರೇಶನ ಅಣ್ಣ ಬಂದ. ಮಾತಾಡುವಾಗ ನನ್ನನ್ನೂ ಕೂರಿಸಿಕೊಂಡರು. ಓದಿದವನು ಒಬ್ಬನಿರಲಿ ಎಂದಿರಬೇಕು. ಮದುಮಗಳಿಗೆ ಮೊದಲ ಅರಿಶಿನ ಹೆತ್ತವಳು ಹಚ್ಚಬೇಕು. ಹಚ್ಚುವವಳು ಮುತ್ತೈದೆಯಾಗಿರಬೇಕು. ರತ್ನಕ್ಕನ ಕೊರಳಲ್ಲಿ ತಾಳಿಯಿತ್ತು, ಹಣೆಯಲ್ಲಿ ಕುಂಕುಮವಿತ್ತು. ಗಂಡ ಮಾತ್ರ ಇದ್ದಾನೋ ಇಲ್ಲವೋ ಯಾರಿಗೂ ತಿಳಿಯದು.

"ನೋಡಮ್ಮ, ನಾವೇನು ಕಟುಕರಲ್ಲ," ಎಂದ ಆತ. "ಅವನು ಇದಾನೆ ಅಂದ್ರೆ ಇದಾನೆ, ಇಲ್ಲ ಅಂದ್ರೆ ಇಲ್ಲ. ಬೀಗರ ಕಡೆಯೋರು ಕೇಳ್ತಾರೆ. ನೀನೇ ಒಂದು ಮಾತು ಹೇಳಿಬಿಡು."

"ನನಗ ಗೊತ್ತಿದ್ರ ನಿಮಗ ಚಾ ಕಾಸಿಕೊಂಡು ಕುಂದರ್ತಿದ್ನೇನ್ರಿ ಭಾವಾರ? ಹೋಗಿ ಕೈ ಹಿಡದು ಎಳಕೊಂಡು ಬರ್ತಿದ್ನಿ."

ಅಷ್ಟು ಹೇಳಿದಳಾದರೂ ಆ ಪ್ರಶ್ನೆ ಅವಳ ಮೇಲೆಯೇ ಉಳಿಯಿತು. ಮಗಳ ಕೆನ್ನೆ ಮುಟ್ಟಬೇಕಾದರೆ ಗಂಡ ಬದುಕಿದ್ದಾನೆ ಎಂದು ಅವಳು ಎಲ್ಲರೆದುರು ಹೇಳಬೇಕು. ಸುಳ್ಳಾಗಿದ್ದರೆ ಅದರ ಕೇಡು ಮಗಳಿಗೆ ತಗಲುತ್ತದೆಂಬ ಭಯ ಅವಳಿಗಿತ್ತು. ನನಗೆ ಆ ಭಯ ಅರ್ಥವಾಗಲಿಲ್ಲ ಎನ್ನಲಾರೆ, ಒಪ್ಪಿಗೆಯಾಗಲಿಲ್ಲ ಅಷ್ಟೆ.

ಅರಿಶಿನದ ಹಿಂದಿನ ಸಂಜೆ ನಾನು ಇನ್ನೊಂದು ಕಟ್ಟು ಒಯ್ದಿದ್ದೆ. ಇಟಲಿಯ ಬಹಳ ಹಳೆಯ ಎಲೆಗಳ ನಕಲು. ಅದರಲ್ಲಿ ಮುದುಕನ ಕೈಯಲ್ಲಿ ಲಾಟೀನಿಲ್ಲ, ಮರಳು ಗಡಿಯಾರವಿದೆ. ಮೊದಲಿಗೆ ಈತ ವಿರಕ್ತನೇ ಅಲ್ಲ, ಕಾಲಪುರುಷ ಎನ್ನುತ್ತಾರೆ. ಆಮೇಲಿನವರು ಕೈಯಲ್ಲಿದ್ದ ಗಡಿಯಾರವನ್ನು ದೀಪವೆಂದು ತಿಳಿದೋ ಬದಲಿಸಿಯೋ ಬರೆದರು. ಇದನ್ನೆಲ್ಲ ನಾನು ಉತ್ಸಾಹದಿಂದಲೇ ವಿವರಿಸಿದೆ. ಚಿತ್ರಗಾರನ ಕೈತಪ್ಪಿನಿಂದ ಹುಟ್ಟಿದ ಎಲೆಯನ್ನು ನೋಡಿ ಗಂಡ ಇದ್ದಾನೋ ಇಲ್ಲವೋ ತೀರ್ಮಾನಿಸಬೇಡ, ಸುಮ್ಮನೆ ಮಗಳಿಗೆ ಅರಿಶಿನ ಹಚ್ಚು ಎಂದು ಹೇಳುವುದು ನನ್ನ ಉದ್ದೇಶವಾಗಿತ್ತು.

ಅವಳು ಕೇಳಿದ್ದು ಒಂದೇ. "ಹಂಗಾರ ಅದು ದೀಪ ಅಲ್ಲೇನ್ರಿ?"

"ಅಲ್ಲಕ್ಕ."

ಎಲೆಯನ್ನು ಮಷೀನಿನ ಮೇಲಿಟ್ಟು ಹೊರಗೆ ನೋಡುತ್ತ, "ಹೊತ್ತಾತು," ಎಂದಳು.

ಮರುದಿನ ಅಂಗಳ ತುಂಬ ಜನ. ಪೂಜಾ ಮಣೆಯ ಮೇಲೆ ಕೂತಿದ್ದಳು. ಅರಿಶಿನದ ಬಟ್ಟಲು ಹಿಡಿದವರು "ರತ್ನಕ್ಕ, ಬರ್ರಿ" ಎಂದು ಕರೆದರು. ಯಾರೂ ತಡೆಯಲಿಲ್ಲ, ತೆಲಿಗಿಯ ಭಾವನೂ. ರತ್ನಕ್ಕ ಎರಡು ಹೆಜ್ಜೆ ಮುಂದೆ ಬಂದವಳು ಅಲ್ಲೇ ನಿಂತಳು. "ನಾ ಬ್ಯಾಡ. ನೀವ ಹಚ್ಚಿಬಿಡ್ರವ್ವ." ಪೂಜಾ ಕಣ್ಣು ಮುಚ್ಚಿ ಮುಖ ಎತ್ತಿ ಕಾಯುತ್ತಿದ್ದಳು. ಬೇರೆ ಯಾರದೋ ಕೈ ಕೆನ್ನೆಗೆ ತಾಗಿದಾಗ ಕಣ್ಣು ತೆರೆದು ಅವ್ವನನ್ನು ಹುಡುಕಿದಳು. ರತ್ನಕ್ಕ ಆಗಲೇ ಅಡುಗೆಯವರ ಹತ್ತಿರ ಹೋಗಿ ಸಾರಿಗೆ ಉಪ್ಪು ಸಾಕೇ ಎಂದು ಕೇಳುತ್ತಿದ್ದಳು.

ಮದುವೆ ಮುಗಿದ ಮೇಲೆ ಅವಳ ಹಣೆಯಲ್ಲಿ ವಿಭೂತಿ ಮಾತ್ರ ಇತ್ತು. ತನಗೆಂದು ಎಲೆ ಎತ್ತುವುದನ್ನು ಬಿಟ್ಟಳು. ಗಿರಾಕಿಗಳಿಗೆ ಮಾತ್ರ ಮೊದಲಿನಂತೆಯೇ "ಬರಾಕತ್ತಾರ" ಎನ್ನುತ್ತಿದ್ದಳು.

ನನ್ನ ಗಡಿಯಾರದ ಮಾತೇ ಅವಳನ್ನು ಹಿಂದೆ ಸರಿಸಿತೆಂದು ಬಹಳ ದಿನ ನಂಬಿದ್ದೆ. ಪೂಜಾ ಒಪ್ಪುವುದಿಲ್ಲ. "ಅಂಗಡಿ ಬಾಗಲಾ ಹಾಕಾಕ ಹೊತ್ತಾತು ಅಂದಿದ್ದು ಸರ ಅವ್ವ. ನಾನೂ ಅಲ್ಲೇ ಇದ್ನಲ್ಲ. ನೀವು ಬರೂಕಿಂತ ಮೊದಲ ಆಕಿ ಮನಸ ಮಾಡಿದ್ಲು." ಪೂಜಾ ಅಲ್ಲಿದ್ದದ್ದು ನನಗೆ ನೆನಪೇ ಇಲ್ಲ. ಆಕೆ ನನ್ನ ಸಮಾಧಾನಕ್ಕೆ ಹೇಳುತ್ತಿರಬಹುದು. ಅಥವಾ ಒಬ್ಬಳ ದುಃಖದಲ್ಲಿ ನನಗೂ ಒಂದು ಜಾಗ ಬೇಕೆಂದು ನಾನೇ ಕಟ್ಟಿಕೊಂಡಿರಬಹುದು.

ನಾನು ಹಡಗಲಿಯ ಕಾಲೇಜಿಗೆ ಹೋದ ಮೇಲೆ ಕೊಟ್ಟೂರಿಗೆ ಬರುವುದು ಕಡಿಮೆಯಾಯಿತು. ಕಳೆದ ಬೇಸಿಗೆಯಲ್ಲಿ ಪೂಜಾ ಫೋನ್ ಮಾಡಿದಳು. ರತ್ನಕ್ಕನಿಗೆ ಎದೆನೋವು ಬಂದು, ಆಸ್ಪತ್ರೆಗೆ ಒಯ್ಯುವ ಮೊದಲೇ ಮುಗಿದಿತ್ತು. ನಾನು ತಲುಪಿದಾಗ ರತ್ನಕ್ಕನನ್ನು ಪಡಸಾಲೆಯಲ್ಲಿ ಗೋಡೆಗೆ ಒರಗಿಸಿ ಕೂರಿಸಿದ್ದರು. ಸುತ್ತ ಕೂತ ಹೆಂಗಸರು ತಗ್ಗಿದ ದನಿಯಲ್ಲಿ ಮತ್ತೆ ಅದನ್ನೇ ಮಾತಾಡುತ್ತಿದ್ದರು. ಗಂಡ ಇರುವಾಗಲೇ ಹೋದವಳಾದರೆ ಅರಿಶಿನ, ಕುಂಕುಮ, ಹಸಿರು ಬಳೆ. ಅಲ್ಲವಾದರೆ ಬರೀ ವಿಭೂತಿ.

"ಆಕಿನ ಕುಂಕುಮ ಬ್ಯಾಡ ಅಂತ ಬಿಟ್ಟಿದ್ಲಲ್ಲವ್ವ," ಎಂದಳು ಒಬ್ಬ ಮುದುಕಿ.

"ವೀರೇಶ ಸತ್ತಾನ ಅಂತ ಯಾರ ನೋಡ್ಯಾರ?" ಎಂದಳು ಇನ್ನೊಬ್ಬಳು.

ಪೂಜಾ ಎದ್ದು ಒಳಗೆ ಹೋಗಿ ಬಟ್ಟಲಲ್ಲಿ ಅರಿಶಿನ ಕಲಸಿಕೊಂಡು ಬಂದಳು. ಅವಳು ಅವ್ವನ ಎದುರು ಮಂಡಿಯೂರಿ ಮೊದಲು ಕಾಲಿಗೆ, ಆಮೇಲೆ ಕೈಗೆ, ಕೊರಳಿಗೆ ನಿಧಾನವಾಗಿ ಹಚ್ಚಿದಳು. ಕೊನೆಗೆ ಎರಡೂ ಅಂಗೈಯಲ್ಲಿ ಅವಳ ಮುಖ ಹಿಡಿದು ಕೆನ್ನೆಗೆ ಸವರುತ್ತಾ, ನಮ್ಮಲ್ಲಿ ಯಾರಿಗೂ ಅಲ್ಲದಂತೆ ಹೇಳಿದಳು:

"ಎಷ್ಟ ತಣ್ಣಗದಾಳ ನೋಡ್ರಿ."