ಡಿಪೋ ತಲೆಗೆ ಕೂದಲು ಬಂದ ವರ್ಷ

ನಮ್ಮ ಸಾಲುಮನೆಗಳ ಗಂಡಸರನ್ನು ಹಿಂದಿನಿಂದ ನೋಡಿ ಗುರುತು ಹಿಡಿದವರು ಯಾರೂ ಇಲ್ಲ. ಎಲ್ಲರ ಹಿಂದಲೆಯೂ ಒಂದೇ. ಕಿವಿಯ ಸುತ್ತ ಬೋಳು, ಕತ್ತಿನ ಮೇಲೆ ಬೋಳು, ನೆತ್ತಿಯಲ್ಲಿ ಮಾತ್ರ ಹಲ್ಲುಜ್ಜುವ ಬ್ರಷ್ಷಿನಷ್ಟು ಕೂದಲು. ಒಮ್ಮೆ ಬೇರಿಕೆ ಸಂತೆಯಲ್ಲಿ ಅಮ್ಮ ಅಪ್ಪನ ಅಂಗಿ ಹಿಡಿದೆಳೆದು, "ಮಾತಾಡಿದ್ದು ಸಾಕು, ನಡಿ ಮನೆಗೆ" ಅಂದಳು. ತಿರುಗಿದವನು ಪಕ್ಕದ ಮನೆಯ ಟೈಲರು. ಆತ ಪಾಪ, ಎರಡು ಹೆಜ್ಜೆ ಅವಳ ಹಿಂದೆ ಬಂದೂ ಬಿಟ್ಟಿದ್ದ.

ಬೇರಿಕೆಯವರು ನಮ್ಮವರಿಗೆ 'ಡಿಪೋ ತಲೆ' ಅಂತ ಹೆಸರಿಟ್ಟಿದ್ದರು. ಹೊಸದಾಗಿ ಬಂದ ಬಸ್ ಕಂಡಕ್ಟರುಗಳು ಇವರನ್ನು ಮಫ್ತಿ ಪೊಲೀಸರೆಂದು ತಿಳಿದು ಟಿಕೆಟ್ ಕೇಳದೆ ಮುಂದಕ್ಕೆ ಹೋಗುತ್ತಿದ್ದರು. ನಮ್ಮವರೂ ಕಮ್ಮಿಯೇನಲ್ಲ, ಕಿಟಕಿಯಾಚೆ ಕಳ್ಳನನ್ನು ಹುಡುಕುವವರ ಹಾಗೆ ಮುಖ ಬಿಗಿದುಕೊಂಡು ಕೂತಿರುತ್ತಿದ್ದರು.

ಈ ಎಲ್ಲ ತಲೆಗಳಿಗೂ ಕಾರಣ ನಮ್ಮಪ್ಪ. ತಮಿಳುನಾಡಿನ ಹೊಸೂರಿನಿಂದ ಬೇರಿಕೆಗೆ ಹೋಗುವ ದಾರಿಯಲ್ಲಿ ಮಿಲಿಟರಿಯವರದೊಂದು ಡಿಪೋ ಇತ್ತು. ಬಂದೂಕು, ಫಿರಂಗಿ ಏನೂ ಇಲ್ಲ. ಗುಡಾರ, ಕಂಬಳಿ, ಬೂಟು ಇಡುವ ದೊಡ್ಡ ಉಗ್ರಾಣ ಅಷ್ಟೆ. ಅದರ ಗೇಟಿಗೆ ಎದುರಾಗಿ ಒಂದು ಸಾಲು ಮನೆಗಳು, ಮನೆಗಳ ಮುಂದೆ ಅಂಗಡಿಗಳು. ಅದೇ ನಮ್ಮೂರು. ಅಲ್ಲಿ ತಗಡಿನ ಷೆಡ್ಡಿನಲ್ಲಿ ಅಪ್ಪ ಜವಾನರಿಗೆ ಕಟಿಂಗ್ ಮಾಡುತ್ತಿದ್ದ. ನನಗೆ ಬುದ್ಧಿ ಬಂದಾಗಿನಿಂದ ಅವನಿಗೆ ಬರುತ್ತಿದ್ದುದು ಒಂದೇ ಕಟಿಂಗು. ಸಾಲಿನ ಗಂಡಸರಿಗೆ ಬೇರೆಡೆ ಹೋಗುವ ಮನಸ್ಸಿಲ್ಲದ್ದರಿಂದ ಎಲ್ಲರಿಗೂ ಅದೇ ಪ್ರಸಾದ.

ಅಪ್ಪನ ಕೈಯನ್ನು ಹಾಗೆ ಪಳಗಿಸಿದವರು ಡಿಪೋದ ಒಬ್ಬ ಹವಾಲ್ದಾರರು. ಕೋಲಾರದ ಕಡೆಯವರು, ನಮ್ಮ ಹಾಗೇ ಕನ್ನಡ ಮಾತಾಡುವವರು. ನಾವೆಲ್ಲ ಅವರನ್ನು ಹವಾಲ್ದಾರ್ ಮಾವ ಅನ್ನುತ್ತಿದ್ದೆವು. ಶನಿವಾರ ಜವಾನರನ್ನು ಸಾಲಾಗಿ ನಿಲ್ಲಿಸಿ, ಪ್ರತಿಯೊಬ್ಬನ ಕಿವಿಯ ಮೇಲೂ ಎರಡು ಬೆರಳು ಆಡಿಸುವುದು ಅವರ ಕೆಲಸ. ಕೂದಲು ಬೆರಳ ಸಂದಿಗೆ ಸಿಕ್ಕಿತೋ, ಆ ತಲೆ ಅಪ್ಪನ ಷೆಡ್ಡಿಗೆ ವಾಪಸ್. "ಬೆರಳಿಗೆ ಸಿಗ್ತೈತಲ್ಲಯ್ಯ" ಅಂತ ಅವರು ನಗುತ್ತಲೇ ಹೇಳುತ್ತಿದ್ದರು. ಅಪ್ಪನಿಗೆ ಮಾತ್ರ ನಗು ಬರುತ್ತಿರಲಿಲ್ಲ. ಮತ್ತೆ ಮಿಶನ್ ಹಿಡಿದು ಕಿವಿಯ ಬುಡದಿಂದ ಮೇಲಕ್ಕೆ ಒಂದೇ ಓಟ.

ಒಂದು ದಿನ ಡಿಪೋದ ಚಿಕ್ಕ ವಯಸ್ಸಿನ ಆಫೀಸರು ಬಂದು ನಮ್ಮನ್ನೆಲ್ಲ ಬೇವಿನ ಮರದ ಕೆಳಗೆ ಕೂರಿಸಿ ಹಿಂದಿಯಲ್ಲಿ ಮಾತಾಡಿದರು. ಟೀ ಅಂಗಡಿಯವನು ಕನ್ನಡ, ತಮಿಳು, ತೆಲುಗು ಮೂರರಲ್ಲೂ ಹೇಳಿದ. ಸೈನ್ಯದವರು ಸಣ್ಣ ಡಿಪೋಗಳನ್ನೆಲ್ಲ ಕಮ್ಮಿ ಮಾಡುತ್ತಿದ್ದಾರೆ, ಗುಡಾರ ಕಂಬಳಿ ಬೇರೆ ಊರಿಗೆ ಹೋಗುತ್ತವೆ, ಇನ್ನೊಂದು ವರ್ಷದಲ್ಲಿ ಗೇಟಿಗೆ ಬೀಗ, ಅಷ್ಟರೊಳಗೆ ನೀವು ತಯಾರಾಗಬೇಕು. ಮೂರು ಭಾಷೆಯಲ್ಲಿ ಕೇಳಿದರೂ ಸುದ್ದಿ ಒಂದೇ ಆಗಿತ್ತು.

ನಮ್ಮ ಸಾಲು ತಯಾರಾದ ಚಂದ ನೋಡಬೇಕಿತ್ತು. ಟೈಲರು ಹಸಿರು ಬಟ್ಟೆ ಬಿಟ್ಟು ಹೊಸೂರಿನ ಕಂಪನಿಗಳ ನೀಲಿ ಬಟ್ಟೆಗೆ ಕೈ ಹಾಕಿದ, ಆದರೆ ಅಭ್ಯಾಸ ಬಲದಿಂದ ಮೊದಲ ಕಂತಿನ ಅಂಗಿಗಳಿಗೆಲ್ಲ ಭುಜದ ಮೇಲೆ ಪಟ್ಟಿ ಹೊಲಿದುಬಿಟ್ಟ. ಕಂಪನಿಯ ಹೆಲ್ಪರುಗಳು ಒಂದು ತಿಂಗಳು ಕ್ಯಾಪ್ಟನ್‌ಗಳಾಗಿ ಓಡಾಡಿದರು. ಟೀ ಅಂಗಡಿಯವನು ಹಿಂದಿ ಬೋರ್ಡಿಗೆ ಸುಣ್ಣ ಬಳಿದು ಮೇಲೆ ತಮಿಳು ಬರೆಸಿದ. ಸುಣ್ಣ ತೆಳ್ಳಗಾಗಿ ಎರಡೂ ಒಟ್ಟಿಗೆ ಕಾಣಿಸಿ, ಯಾರಿಗೂ ಓದಲಾಗಲಿಲ್ಲ. ಹೆಂಗಸರಿಗೆ ಆಫೀಸರುಗಳ ಹೆಂಡತಿಯರು ಮೇಣದ ಬತ್ತಿ ಮಾಡುವುದನ್ನು ಕಲಿಸಿದರು. ಮನೆಮನೆಯಲ್ಲೂ ಬತ್ತಿಯ ರಾಶಿ, ಕೊಳ್ಳುವವರು ಮಾತ್ರ ಇಲ್ಲ. ಅಷ್ಟರಲ್ಲಿ ನಮ್ಮ ಪುಣ್ಯಕ್ಕೆ ಜಿಲ್ಲೆಯಲ್ಲೆಲ್ಲ ಕರೆಂಟು ಹೋಗಲು ಶುರುವಾಯಿತು. ದೀಪ ಆರಿದಾಗಲೆಲ್ಲ ಬೇರೆ ಊರಿನವರು ಬೈಯುತ್ತಿದ್ದರೆ, ನಮ್ಮಮ್ಮ ಕತ್ತಲಲ್ಲಿ ಕೂತು ಚಪ್ಪಾಳೆ ತಟ್ಟುತ್ತಿದ್ದಳು.

ಉಳಿದವನು ಅಪ್ಪ. ಜವಾನರು ಹೋದ ಮೇಲೆ ಗಿರಾಕಿಗಳೆಂದರೆ ಹೊಸೂರು, ಸೂಳಗಿರಿಯ ಕಂಪನಿ ಹುಡುಗರು. ಅವರಿಗೆ ಕಿವಿ ಮುಚ್ಚುವಂತೆ ಕೂದಲು ಬೇಕು. ಕೂದಲು ತೆಗೆಯುವುದಲ್ಲ, ಬಿಡುವುದು ಕಲಿಯಬೇಕು. ನಾನಾಗ ಹೊಸೂರಿನ ಒಂದು ಕಂಪನಿಯಲ್ಲಿ ಕೆಲಸಕ್ಕೆ ಸೇರಿ ಎರಡು ವರ್ಷವಾಗಿತ್ತು. ಅದೇನು ಮಹಾ ಕಷ್ಟ ಅಂದುಕೊಂಡು, ನನ್ನ ಲೈನಿನಲ್ಲೇ ಕೆಲಸ ಮಾಡುವ ಒಬ್ಬ ಹುಡುಗನನ್ನು ಭಾನುವಾರ ಕರೆತಂದೆ. ಆರು ತಿಂಗಳಿಂದ ಸಾಕಿದ ಕೂದಲು ಅವನದು. "ಸ್ವಲ್ಪ ಟ್ರಿಮ್ ಮಾಡಿ ಅಂಕಲ್, ಸಾಕು" ಅಂದ. ಅಪ್ಪ ತಲೆಯಾಡಿಸಿ ಮಿಶನ್ ಎತ್ತಿಕೊಂಡ. ನಾನು ಟೀ ತರಲು ಹೋಗಿ ಬರುವಷ್ಟರಲ್ಲಿ ಕೆಲಸ ಮುಗಿದಿತ್ತು. ಹುಡುಗ ಕನ್ನಡಿಯನ್ನೇ ನೋಡುತ್ತ ಕೂತಿದ್ದ. ಆಮೇಲೆ ಮೆಲ್ಲಗೆ, "ಅಕ್ಕಾ, ನನ್ನ ಯಾವ ಬಾರ್ಡರ್‌ಗೆ ಕಳಿಸ್ತಾರೆ?" ಅಂತ ಕೇಳಿದ.

ಮಾರನೆಯ ದಿನ ಕಂಪನಿಯಲ್ಲಿ ಇಡೀ ಶಿಫ್ಟು ಅವನಿಗೆ ಸಲ್ಯೂಟ್ ಹೊಡೆಯಿತು. ಅಲ್ಲಿಂದ ಮತ್ತೊಬ್ಬ ಹುಡುಗ ಬರುವ ಮಾತೇ ಇರಲಿಲ್ಲ.

"ನನ್ನ ತಪ್ಪಲ್ಲ ಕಣಮ್ಮ. ಕೈ ಅದರ ಪಾಡಿಗೆ ಅದು ಮ್ಯಾಲಕ್ಕೆ ಹೋಗ್ಬುಡ್ತೈತೆ" ಅಂದ ಅಪ್ಪ, ಕೈಯನ್ನು ಯಾರದೋ ವಸ್ತುವಿನ ಹಾಗೆ ನೋಡುತ್ತ. ಷೆಡ್ಡಿನ ಮೂಲೆಯಲ್ಲಿ ನಮ್ಮ ಬೆಕ್ಕು ಮಲಗಿತ್ತು. "ಇನ್ನು ಇದೇ ಗತಿ" ಅಂದ. ಕೆಲಸವಿಲ್ಲದ ಕ್ಷೌರಿಕ ಬೆಕ್ಕಿನ ತಲೆ ಬೋಳಿಸಿದ ಎಂಬ ಗಾದೆಯನ್ನು ಹೊರಗಿನವರು ಯಾರಾದರೂ ಆಡಿದ್ದರೆ ನಾನು ಜಗಳಕ್ಕೇ ನಿಲ್ಲುತ್ತಿದ್ದೆ. ಅಪ್ಪ ತಾನೇ ನೆನಪಿಸಿಕೊಂಡು ನಕ್ಕಾಗ ನನಗೆ ಅಳು ಬಂತು, ಅದರ ಜೊತೆಗೇ ನಗುವೂ ಬಂತು.

ಕೊನೆಗೆ ದಾರಿ ತೋರಿಸಿದ್ದು ಗೇಟಿನ ಬಳಿ ಇಡ್ಲಿ ಮಾರುವ ಅಜ್ಜಿ. "ಕಲಿಯಾಕೆ ಊರ್ನಾಗೆ ಇಷ್ಟೊಂದು ತಲೆ ಇಕ್ಕೊಂಡು ಹೊರಗಿಂದ ಯಾಕೆ ತತ್ತೀರಾ? ಇವರೇ ಬೆಳೆಸ್ಲಿ" ಅಂದಳು. ಗಂಡಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಟೈಲರು, "ಆಗ್ಲಿ, ನಮ್ಮಣ್ಣನಿಗೋಸ್ಕರ ತಲೆ ಕೊಡೋದೇ" ಅಂತ ಎದ್ದು ನಿಂತ. ಅವನ ಹಿಂದೆ ಎಲ್ಲರೂ ಎದ್ದರು.

ಹಾಗೆ ನಮ್ಮೂರಿನ ಗಂಡಸರು ಹುಟ್ಟಿದ ಮೇಲೆ ಮೊದಲ ಸಲ ಕೂದಲು ಬಿಟ್ಟರು. ಒಂದು ತಿಂಗಳಿಗೆ ಮುಳ್ಳುಹಂದಿಗಳಾದರು. ಎರಡು ತಿಂಗಳಿಗೆ ಕಿವಿಯ ಮೇಲೆ ಎಲ್ಲ ದಿಕ್ಕಿಗೂ ಕೂದಲು ಎದ್ದು ನಿಂತಿತು. ಟೈಲರಿಗೆ ಗುಂಗುರು ಕೂದಲು ಅಂತ ಅವನ ಹೆಂಡತಿಗೇ ಗೊತ್ತಿರಲಿಲ್ಲ. ಮದುವೆಯಾಗಿ ಇಷ್ಟು ವರ್ಷವಾದ ಮೇಲೆ ಅವಳು ಅವನಿಗೆ ನಾಚಿಕೊಂಡು ಟೀ ಕೊಡತೊಡಗಿದಳು. ಕಂಡಕ್ಟರುಗಳು ಟಿಕೆಟ್ ಕೇಳತೊಡಗಿದರು. ಸಂಜೆಯಾದರೆ ಜಗಲಿಯ ಮೇಲೆ ಹೆಂಡತಿಯರು ಗಂಡಂದಿರ ತಲೆ ಹಿಡಿದು ಹೇನು ನೋಡುವುದು, ಎಣ್ಣೆ ಹಚ್ಚುವುದು. ಗಂಡಸರು ಬಾಚಣಿಗೆಯನ್ನೇ ಮುಟ್ಟದ ಮನೆಗಳಲ್ಲಿ ಬಾಚಣಿಗೆಗಾಗಿ ಜಗಳ. ಊರು ಹಾಳಾಗುವ ಹೊತ್ತಿನಲ್ಲಿ ಇಷ್ಟು ನಗುವುದು ಸರಿಯೇ ಅಂತ ನನಗೇ ಒಮ್ಮೊಮ್ಮೆ ಅನ್ನಿಸುತ್ತಿತ್ತು. ಅಷ್ಟರಲ್ಲಿ ಯಾವನೋ ಒಬ್ಬ ಹೇರ್‌ಪಿನ್ ಹಾಕಿಕೊಂಡು ಬರುತ್ತಿದ್ದ.

ಕೂದಲು ಹದಕ್ಕೆ ಬಂದ ಮೇಲೆ ಭಾನುವಾರಕ್ಕೆ ಒಬ್ಬರಂತೆ ಕೂರುವುದೆಂದಾಯಿತು. ಅಪ್ಪನ ಕೈ ತಡೆಯಲು ನಾನೊಂದು ಉಪಾಯ ಹೂಡಿದೆ. ಎರಡೂ ಕಿವಿಯ ಮೇಲೆ, ಕೂದಲಿನ ಅಂಚಿಗೆ, ನನ್ನ ಸ್ಟಿಕ್ಕರ್ ಬೊಟ್ಟು ಅಂಟಿಸಿದೆ. "ನೋಡಪ್ಪಾ, ಇದು ಗಡಿ. ಇದನ್ನ ದಾಟ್ಬಾರ್ದು."

ಮೊದಲು ಕೂತವನು ಟೀ ಅಂಗಡಿಯವನು. ಸುತ್ತ ಇಡೀ ಸಾಲೇ ನೆರೆದಿತ್ತು. ಮಿಶನ್ ಕಿವಿಯ ಬುಡಕ್ಕೆ ಬಂತು, ಬೊಟ್ಟಿನ ಹತ್ತಿರ ಬಂತು. "ಸಾಕು" ಅಂದೆವು ನಾವು. "ಪೋದುಂ" ಅಂದರು ತಮಿಳಿನವರು. "ಚಾಲು" ಅಂದಳು ಇಡ್ಲಿ ಅಜ್ಜಿ ತೆಲುಗಿನಲ್ಲಿ. ಗೇಟಿನಿಂದ ಕಾವಲು ಜವಾನನೂ "ಬಸ್, ಬಸ್" ಅಂತ ಕೂಗಿದ. ನಾಲ್ಕು ಭಾಷೆಯ ಮಾತನ್ನೂ ಮೀರಿ ಕೈ ಬೊಟ್ಟಿನ ಸಮೇತ ಮೇಲಕ್ಕೆ ಹೋಯಿತು. ಟೀ ಅಂಗಡಿಯವನು ಮತ್ತೆ ಡಿಪೋ ತಲೆಯಾದ.

ಮುಂದಿನ ವಾರ ಇನ್ನೊಬ್ಬ, ಅದರ ಮುಂದಿನ ವಾರ ಮತ್ತೊಬ್ಬ. ಬಲಗಡೆ ಬೊಟ್ಟು ಉಳಿದರೆ ಎಡಗಡೆ ಹಾರುತ್ತಿತ್ತು. ಒಂದು ಕಡೆ ಬೋಳಾದ ಮೇಲೆ ಇನ್ನೊಂದನ್ನು ಇಟ್ಟುಕೊಂಡು ಏನು ಮಾಡುವುದು, ಅದನ್ನೂ ತೆಗೆದದ್ದೇ. ಉಳಿದ ಬೊಟ್ಟನ್ನು ಕೀಳಲು ಮರೆತು ಬೇರಿಕೆ ಸಂತೆಗೆ ಹೋಗಿ ನಗೆಪಾಟಲಾದವರೂ ಇದ್ದರು. ಕಡೆಯದಾಗಿ ಟೈಲರು ಕೂತ. ಅವನ ಗುಂಗುರು ಕೂದಲು ನೆಲಕ್ಕೆ ಬಿದ್ದಾಗ ಅವನ ಹೆಂಡತಿ ಸೆರಗಿನಿಂದ ಮುಖ ಮುಚ್ಚಿಕೊಂಡು ಒಳಗೆ ಹೋದಳು. ಅಂದು ಯಾರೂ ನಗಲಿಲ್ಲ. ಊರಿನಲ್ಲಿ ತಲೆಗಳು ಮುಗಿದಿದ್ದವು, ಡಿಪೋಗೆ ಬೀಗ ಬೀಳುವ ದಿನವೂ ಹತ್ತಿರವಾಗಿತ್ತು.

ಅಪ್ಪ ಮಿಶನ್ನನ್ನು ಬಟ್ಟೆಯಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದ. ಅಮ್ಮನ ತಮ್ಮ ಎಲ್ಲೋ ಮಾತಾಡಿ ಅವನಿಗೆ ವಾಚ್‌ಮನ್ ಕೆಲಸ ಗೊತ್ತು ಮಾಡಿದ. ಎಲ್ಲಿ ಅಂದರೆ, ನನ್ನ ಕಂಪನಿಯ ಗೇಟಿನಲ್ಲೇ. ಡಿಪೋ ಮುಚ್ಚಿದ ಮರುದಿನ, ಸೋಮವಾರ, ಹೋಗಿ ಸೇರಬೇಕು.

"ನನ್ನ ಬ್ಯಾಗು ನೀನೇ ಬಿಚ್ಚಿ ನೋಡ್ತೀಯಾ?" ಅಂತ ಕೇಳಿದೆ.

"ನೋಡ್ಲೇಬೇಕಲ್ಲ. ಡ್ಯೂಟಿ" ಅಂದ ಅಪ್ಪ.

ನನಗೆ ಅವನ ಮೇಲೆ, ಕೆಲಸ ಗೊತ್ತು ಮಾಡಿದ ಸೋದರಮಾವನ ಮೇಲೆ, ಸೈನ್ಯದ ಮೇಲೆ, ಕಿವಿ ಮುಚ್ಚುವ ಕೂದಲಿನ ಮೇಲೆ, ಎಲ್ಲದರ ಮೇಲೂ ಸಿಟ್ಟು ಬಂತು. ವಾಚ್‌ಮನ್ ಕೆಲಸ ಕೀಳು ಅಂತಲ್ಲ. ಕೈಯಲ್ಲಿ ಬಾಚಣಿಗೆ ಇಲ್ಲದ ಅಪ್ಪನನ್ನು ನಾನು ಒಂದು ದಿನವೂ ನೋಡಿರಲಿಲ್ಲ. ಇನ್ನು ಅವನು ಗೇಟಿನಲ್ಲಿ ಕೈ ಕಟ್ಟಿಕೊಂಡು ನಿಲ್ಲಬೇಕಿತ್ತು.

ಭಾನುವಾರ ಡಿಪೋದಲ್ಲಿ ಕೊನೆಯ ಊಟ. ಹಿಂದೆ ಅಲ್ಲಿದ್ದವರನ್ನೆಲ್ಲ ಕರೆದಿದ್ದರು. ಬೆಳಿಗ್ಗೆ ನಮ್ಮ ಷೆಡ್ಡಿನ ಮುಂದೆ ಒಂದು ಮೊಪೆಡ್ ನಿಂತಿತು. ಇಳಿದವರ ತಲೆ ನೋಡಿ ಯಾರೋ ಸಾಧುಗಳು ಅಂದುಕೊಂಡೆ. ಬಿಳಿ ಕೂದಲು ಕಿವಿ ಮುಚ್ಚಿ, ಕತ್ತಿಗೆ ಇಳಿದಿತ್ತು.

"ಏನಯ್ಯಾ, ಗುರ್ತು ಸಿಗ್ಲಿಲ್ವಾ?" ಅಂದರು.

ದನಿ ಕೇಳಿ ಅಪ್ಪ ಒಮ್ಮೆಗೇ ನೆಟ್ಟಗೆ ನಿಂತುಬಿಟ್ಟ. ಅವರು ಹವಾಲ್ದಾರ್ ಮಾವ. ಆರೇಳು ತಿಂಗಳ ಹಿಂದೆ ನಿವೃತ್ತರಾಗಿ ಸೂಳಗಿರಿಯ ಹತ್ತಿರ ಮನೆ ಮಾಡಿದ್ದರು. ಆವತ್ತಿನಿಂದ ಕತ್ತರಿ ಸೋಕಿಸಿರಲಿಲ್ಲವಂತೆ. "ಆಯಸ್ಸೆಲ್ಲಾ ಊರೋರ ಕೂದ್ಲು ಅಳೆದೆ. ನಂದು ಎಷ್ಟುದ್ದ ಬತ್ತೈತೆ ನೋಡಾನ ಅಂತ ಬುಟ್ಟೆ. ಈಗ ಚೆಂದಾಗಿ ಒಂದು ಸಿವಿಲಿಯನ್ ಕಟಿಂಗ್ ಮಾಡು" ಅಂತ ಕುರ್ಚಿಯಲ್ಲಿ ಕೂತೇಬಿಟ್ಟರು.

"ಆಗಾಕಿಲ್ಲ ಸಾಬ್. ನಂಗೆ ಬರಾಕಿಲ್ಲ" ಅಂದ ಅಪ್ಪ.

"ಬರ್ದಿದ್ರೆ ಹಾಳ್ಮಾಡು. ನನ್ನ ಯಾರು ತಪಾಸಣೆ ಮಾಡಾರು ಈಗ?"

ಅಮ್ಮ ಅಟ್ಟದಿಂದ ಗಂಟು ಇಳಿಸಿ ತಂದಳು. ಸಾಲೆಲ್ಲ ಮತ್ತೆ ನೆರೆಯಿತು. ನಾನು ಬೊಟ್ಟಿನ ಹಾಳೆ ಹಿಡಿದು ಹೋದರೆ ಅಪ್ಪ ಬೇಡವೆಂದು ಕೈಯಾಡಿಸಿದ. ಮಿಶನ್ ಎತ್ತಿಕೊಂಡ, ಸ್ವಲ್ಪ ಹೊತ್ತು ನೋಡಿದ, ಕೆಳಗಿಟ್ಟ. ಬಾಚಣಿಗೆ, ಕತ್ತರಿ ತೆಗೆದುಕೊಂಡ. ಕಿವಿಯ ಬುಡದಲ್ಲಿ ಕತ್ತರಿ ಚಕ್ ಚಕ್ ಅಂತ ಆಡುತ್ತ ಮೇಲೆ ಬಂತು. ನಾವು ಬಾಯಿಗೆ ಕೈ ಇಟ್ಟುಕೊಂಡಿದ್ದೆವು, ಯಾವ ಭಾಷೆಯಲ್ಲೂ ಯಾರೂ ಏನೂ ಅನ್ನಲಿಲ್ಲ. ಕತ್ತರಿ ನಿಂತಿತು. ಅಪ್ಪ ಆ ಬದಿ ಬಿಟ್ಟು ಈ ಬದಿಗೆ ಬಂದ. ಅಲ್ಲೂ ನಿಂತಿತು. ನನ್ನ ಪಕ್ಕದಲ್ಲಿದ್ದ ಟೈಲರಿನ ಹೆಂಡತಿ ನನ್ನ ಕೈಯನ್ನು ಎಷ್ಟು ಜೋರಾಗಿ ಹಿಂಡಿದಳೆಂದರೆ ಬಳೆ ಒಡೆಯಿತು.

ಹವಾಲ್ದಾರ್ ಮಾವ ಕನ್ನಡಿಯಲ್ಲಿ ಬಹಳ ಹೊತ್ತು ನೋಡಿಕೊಂಡರು. ಕಿವಿಯ ಮೇಲೆ ಎರಡು ಬೆರಳು ಆಡಿಸಿದರು. ಕೂದಲು ಸಂದಿಗೆ ಸಿಕ್ಕಿತು. ಅವರ ಮುಖ ಸಣ್ಣದಾಯಿತು. "ಬೆರಳಿಗೆ ಸಿಗ್ತೈತಲ್ಲಯ್ಯ" ಅಂದರು, ಈ ಸಲ ನಗದೆ. "ಯಾರೋ ಬೇರೆಯೋರ ಥರ ಕಾಣ್ತೀನಿ. ಬ್ಯಾಡ, ಹಳೇದೇ ಮಾಡ್ಬುಡು."

ಅಪ್ಪ ಅವರ ಕತ್ತಿನ ಬಟ್ಟೆ ಬಿಚ್ಚಿ ಒದರಿದ.

"ಹಳೇದು ನಂಗೆ ಮರ್ತೋಗ್ಬುಡ್ತು ಸಾಬ್."

ಅಷ್ಟು ದೊಡ್ಡ ಸುಳ್ಳನ್ನು ಅಪ್ಪ ಮುಖದ ಗೆರೆಯೂ ಅಲುಗದಂತೆ ಹೇಳಿದ್ದನ್ನು ನಾನು ಹಿಂದೆಂದೂ ಕಂಡಿರಲಿಲ್ಲ. ಹವಾಲ್ದಾರ್ ಮಾವ ಅವನನ್ನೇ ದಿಟ್ಟಿಸಿದರು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು, ನಗುತ್ತ ಕಣ್ಣೊರೆಸಿಕೊಂಡರು, ನಾವೆಲ್ಲರೂ ನಕ್ಕೆವು. ಅವರು ಎದ್ದು ರಸ್ತೆ ದಾಟಿ ಡಿಪೋ ಗೇಟಿಗೆ ಹೋದರೆ, ಎಷ್ಟೋ ಶನಿವಾರ ಅವರಿಂದ ಕಿವಿಗೆ ಬೆರಳಾಡಿಸಿಕೊಂಡಿದ್ದ ಕಾವಲು ಜವಾನನೇ ಅವರನ್ನು ಅಡ್ಡಗಟ್ಟಿ ಯಾರು ನೀವು ಅಂತ ಕೇಳಿದ. ಅವರು ಅವನ ಭುಜ ತಟ್ಟಿ, ಹೊಸ ಕೂದಲನ್ನು ಕೈಯಿಂದ ಹಿಂದಕ್ಕೆ ಸವರಿಕೊಂಡು ಊಟಕ್ಕೆ ಒಳಗೆ ಹೋದರು.

ಸೋಮವಾರ ಕಂಪನಿಯ ಗೇಟಿನಲ್ಲಿ ನನ್ನ ಬ್ಯಾಗನ್ನು ಬೇರೆ ಯಾರೋ ಬಿಚ್ಚಿ ನೋಡಿದರು. ಅದು ಮರುದಿನದ ಮಾತು. ಆ ಭಾನುವಾರ, ಎಲ್ಲರೂ ಚದುರಿದ ಮೇಲೆ, ಅಮ್ಮ ಎಂದಿನಂತೆ ಕೂದಲು ತುಂಬಲು ಮಂಕರಿ ತಂದಳು. ಅಪ್ಪ ಷೆಡ್ಡು ಗುಡಿಸಿದ. ಒಂದು ಹಿಡಿಯೂ ತುಂಬಲಿಲ್ಲ.

"ಇಷ್ಟೇನಾ?" ಅಂದಳು ಅಮ್ಮ.

"ಇಷ್ಟೇ ಕಣೆ" ಅಂದ ಅಪ್ಪ. "ಮಿಕ್ಕಿದ್ದೆಲ್ಲಾ ಅವರ ತಲೆ ಮ್ಯಾಲೇ ಐತೆ."